ಎಕರೆ ಲೆಕ್ಕ ಸರಿಯಿತ್ತು, ದಾರಿ ಮುಚ್ಚಿತ್ತು

ಕೆನ್ಯಾದ ಕಿಟೆಂಗೆಲಾ ಪಕ್ಕದ ನಮ್ಮ ಸಮುದಾಯ ವನ್ಯಜೀವಿ ಮೀಸಲಿನ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದಿದ್ದ ಜಾಗದಲ್ಲಿ ನವೆಂಬರ್‌ನ ಒಂದು ಬೆಳಗ್ಗೆ ಸೀಡರ್ ಗೂಟಗಳು ಸಾಲಾಗಿ ನಿಂತಿದ್ದವು. ಮೂರು ಎಳೆ ಮುಳ್ಳುತಂತಿ ಆಗಲೇ ಬಿಗಿದಿತ್ತು, ನಾಲ್ಕನೆಯದನ್ನು ಎಳೆಯುತ್ತಿದ್ದರು.

ನೈರೋಬಿ ರಾಷ್ಟ್ರೀಯ ಉದ್ಯಾನ 1946ರದ್ದು, ಇರುವುದು ಬರೀ 117 ಚದರ ಕಿಲೋಮೀಟರ್. ದಕ್ಷಿಣದಲ್ಲಿ ಮಾತ್ರ ಬೇಲಿಯಿಲ್ಲ, ಎಂಬಗಾಥಿ ಹೊಳೆಯೇ ಗಡಿ. ಮಳೆ ಬಿದ್ದರೆ ಜೀಬ್ರಾ, ವೈಲ್ಡ್‌ಬೀಸ್ಟ್ ಹೊಳೆ ದಾಟಿ ಆಥಿ-ಕಪಿಟಿ ಬಯಲಿಗೆ ಹೋಗುತ್ತವೆ, ಒಣಗಾಲಕ್ಕೆ ಮರಳುತ್ತವೆ. ಆ ಬಯಲಿನ ಬಹುಪಾಲು ಮಸಾಯಿ ಕುಟುಂಬಗಳು ಪಾಲು ಮಾಡಿಕೊಂಡ ಸ್ವಂತ ಜಮೀನು. ನೈರೋಬಿ ಬೆಳೆದಂತೆ ಅದು ‘ಫಿಫ್ಟಿ ಬೈ ಹಂಡ್ರೆಡ್’ ಪ್ಲಾಟುಗಳಾಗಿ ಮಾರಾಟವಾಗುತ್ತಿದೆ; ಬೆಂಗಳೂರಿನ ತರ್ಟಿ-ಫಾರ್ಟಿ ಸೈಟು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಬಯಲಿನ ವೈಲ್ಡ್‌ಬೀಸ್ಟ್ 1978ರಲ್ಲಿ 25 ಸಾವಿರದ ಮೇಲಿದ್ದವು, 2011ರ ಹೊತ್ತಿಗೆ 5 ಸಾವಿರದೊಳಗೆ ಇಳಿದವು.

ಇಲ್ಲಿ ಮೀಸಲು ಅಂದರೆ ಲೀಸು. 2000ರಲ್ಲಿ ಕಿಟೆಂಗೆಲಾದಲ್ಲಿ ಶುರುವಾದ ಪದ್ಧತಿಯಂತೆ ಎಕರೆಗೆ ವರ್ಷಕ್ಕೆ 4 ಡಾಲರ್. ದುಡ್ಡು ಪಡೆದ ಮಾಲೀಕರು ಬೇಲಿ ಹಾಕುವಂತಿಲ್ಲ, ಉಳುವಂತಿಲ್ಲ, ಕಲ್ಲು ಕ್ವಾರಿಗೆ ಕೊಡುವಂತಿಲ್ಲ, ದನ ಮೇಯಿಸಬಹುದು. ದುಡ್ಡು ಮೂರು ಕಂತಿನಲ್ಲಿ, ಮಕ್ಕಳ ಸ್ಕೂಲ್ ಫೀಸಿನ ಹೊತ್ತಿಗೆ ಸರಿಯಾಗಿ ಸೇರಬೇಕು. ಈ ಹೊಂದಿಕೆಯೇ ಯೋಜನೆಯ ಜೀವ. ಜನವರಿ ಕಂತು ಫೆಬ್ರವರಿಗೆ ಜಾರಿತೋ, ಫೀಸು ಕಟ್ಟಲು ಒಂದು ಪ್ಲಾಟು ಮಾರಿಹೋಗುತ್ತದೆ. ಮಾರಿದ ನೆಲ ಮತ್ತೆ ಬಯಲಾಗುವುದಿಲ್ಲ.

ನಮ್ಮ ತಪ್ಪು ಬೇರೆ ಕಡೆ ಇತ್ತು. ತಿಂಗಳ ರಿವ್ಯೂ ಶೀಟಿನಲ್ಲಿ ಇದ್ದದ್ದು ಒಂದೇ ಕಾಲಂ: ಸಹಿಯಾದ ಎಕರೆ. ಹಾಗಾಗಿ ದೊಡ್ಡ ಪಾರ್ಸೆಲ್‌ಗಳ ಹಿಂದೆ ಬಿದ್ದೆವು. ಹೊಳೆದಂಡೆಯ ಕಿರಿದಾದ ನೆಕ್‌ನಲ್ಲಿದ್ದ ಐದು ಎಕರೆಯ ತುಂಡನ್ನು ಕೊನೆಗೆ ಬಿಟ್ಟೆವು, ಯಾಕೆಂದರೆ ಆರ್‌ಐಎಂ (ಭೂದಾಖಲೆಯ ಸೂಚಿ ನಕ್ಷೆ) ಪ್ರಕಾರ ನೆಕ್ ಇಡಿಯಾಗಿ ನಾವು ಲೀಸು ಮಾಡಿದ್ದ ಪಕ್ಕದ ಪಾರ್ಸೆಲ್‌ನೊಳಗೇ ಬರುತ್ತಿತ್ತು. ಆ ಗೆರೆಯನ್ನೇ ಡಿಜಿಟೈಸ್ ಮಾಡಿ ಹಸಿರು ತುಂಬಿದ್ದು ನಾನು. ಆರ್‌ಐಎಂ ಇರುವುದು ಯಾವ ತುಂಡು ಯಾರ ಪಕ್ಕ ಎಂದು ತೋರಿಸಲು, ಗಡಿ ನಿರ್ಣಯಿಸಲಲ್ಲ. ಇದು ಗೊತ್ತಿದ್ದೂ ನೆಲದಲ್ಲಿ ಹೂತ ಗಡಿಗುರುತು, ಅಂದರೆ ಬೀಕನ್, ನೋಡಲು ಹೋಗಿರಲಿಲ್ಲ.

ಬೆಳಗ್ಗೆ ಆರೂಕಾಲರ ಸುಮಾರಿಗೆ ಉದ್ಯಾನದ ಕಡೆಯಿಂದ ಜೀಬ್ರಾ ಗುಂಪು ಬಂತು. ಮುಂದಿದ್ದ ಹೆಣ್ಣು ತಂತಿಯ ಹತ್ತಿರ ಮೂಗು ಚಾಚಿ, ಗಕ್ಕನೆ ಹಿಂದೆ ಸರಿದು, ಬೇಲಿಯುದ್ದಕ್ಕೂ ನಡೆಯಿತು. ಮೂಲೆಗೂಟ ಸಿಕ್ಕಿತು, ತಿರುಗಿತು, ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು. ಮರಿ ಅದರ ಹೊಟ್ಟೆಗೆ ಅಂಟಿಕೊಂಡಿತ್ತು. ಕೆಳಗಿನ ಎಳೆಯನ್ನು ಒಂದೂವರೆ ಅಡಿ ಎತ್ತರಕ್ಕೆ ಕಟ್ಟಿದರೆ ಗೆಜೆಲ್ ನುಸುಳೀತು, ಈಲ್ಯಾಂಡ್ ಬೇಲಿಯನ್ನೇ ಹಾರೀತು. ಜೀಬ್ರಾ, ವೈಲ್ಡ್‌ಬೀಸ್ಟ್ ನುಸುಳುವುದೂ ಕಷ್ಟ, ಹಾರುವುದೂ ಕಷ್ಟ. ಅವಕ್ಕೆ ತೆರೆದ ಜಾಗವೇ ಬೇಕು.

ಮೇಸ್ತ್ರಿ ಟೈಟಲ್ ಪ್ರತಿ ತೋರಿಸಿದ. ನಮ್ಮ ಮೀಸಲಿನ ಕಾವಲಿನ ಸ್ಕೌಟುಗಳು ನನ್ನ ಟ್ಯಾಬ್‌ನತ್ತ ನೋಡಿದರು. ಟ್ಯಾಬ್‌ನಲ್ಲಿ ಹಸಿರು ಪಾಲಿಗಾನ್, ಕಾಲಡಿಯಲ್ಲಿ ಎರೆಮಣ್ಣು. ಗುದ್ದಲಿ ತರಿಸಿ ಅಗೆಸಿದೆವು. ಅರ್ಧ ಅಡಿ ಕೆಳಗೆ ಕಾಂಕ್ರೀಟ್ ಬೀಕನ್, ನಡುವೆ ತುಕ್ಕು ಹಿಡಿದ ಕಬ್ಬಿಣದ ಸರಳು. ನಾನು ಎಳೆದ ಗೆರೆಗಿಂತ 60 ಮೀಟರ್ ಈಚೆ ಇತ್ತು. ನೆಕ್‌ನ ಅಗಲವೂ ಅಷ್ಟೇ. ಬೇಲಿ ಹಾಕಿದವರದು ಏನೂ ತಪ್ಪಿರಲಿಲ್ಲ. ನಾಲ್ಕನೇ ಎಳೆಯನ್ನೂ ಬಿಗಿದರು. ತಡೆಯುವ ಹಕ್ಕು ನಮಗಿರಲಿಲ್ಲ.

ಭಾನುವಾರ ಆ ಐದು ಎಕರೆ ಕೊಂಡಿದ್ದ ಹೊಸ ಮಾಲೀಕರು ಬಂದರು. ನಮ್ಮ ಸಮಿತಿಯ ಹಿರಿಯರು ವನ್ಯಜೀವಿ ಕಾನೂನಿನ ಮಾತೇ ಎತ್ತದೆ, ‘ನಿಮಗೆ ಯಾವುದರ ಭಯ?’ ಎಂದು ಕೇಳಿದರು. ಭಯ ಎರಡು: ಒಣಗಾಲದಲ್ಲಿ ನುಗ್ಗುವ ಊರ ದನ, ಕಳುವಾಗುವ ಗೂಟ. ಎರಡಕ್ಕೂ ಸ್ಕೌಟುಗಳ ಗಸ್ತು ಒಪ್ಪಿಕೊಂಡ ಮೇಲೆ 20 ಮೀಟರ್ ತೆರವು ಸಿಕ್ಕಿತು. ತಂತಿಯನ್ನು ನೆಲಕ್ಕೆ ಇಳಿಸಿ ಬಿಡಬಾರದು, ಹುಲ್ಲಿನಲ್ಲಿ ಮುಚ್ಚಿಹೋಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಪೂರ್ತಿ ಬಿಚ್ಚಿ ಗೂಟಕ್ಕೆ ಸುರುಳಿ ಸುತ್ತಿಟ್ಟೆವು. ಉಳಿದ ತಂತಿ ಪ್ರಾಣಿಗಳ ಕಣ್ಣಿಗೆ ಬೀಳಲೆಂದು ಬಿಳಿ ಬಟ್ಟೆಯ ಪಟ್ಟಿ ಕಟ್ಟಿದೆವು.

ಬಾಡಿಗೆಯೇ ದೊಡ್ಡ ತಲೆನೋವು. ಎಕರೆ ದರದಲ್ಲಿ ಆ ಐದು ಎಕರೆಗೆ ವರ್ಷಕ್ಕೆ 20 ಡಾಲರ್. ಇಡೀ ಬಯಲಿನ ಬಾಗಿಲು ಅದು, ಆ ದುಡ್ಡಿಗೆ ಯಾರು ತೆರೆದಿಟ್ಟಾರು? ಮ್ಯಾನೇಜ್‌ಮೆಂಟಿನ ಫಾರ್ಮಿನಲ್ಲಿ ಜಾಗ ನೋಡಿ ಬೆಲೆ ಕಟ್ಟುವ ಕಾಲಂ ಇಲ್ಲ, ಸದ್ಯ ಇತರೆ ಖರ್ಚಿನಿಂದ ಹೊಂದಿಸುತ್ತಿದ್ದೇವೆ. ಇದು ಹೆಚ್ಚು ದಿನ ನಡೆಯುವುದಿಲ್ಲ ಎಂದು ಪ್ರತಿ ರಿವ್ಯೂನಲ್ಲೂ ಹೇಳುತ್ತಿದ್ದೇನೆ.

ಇಂಥ ಕೆಲಸಕ್ಕೆ ಇಳಿಯುವವರು ಮೊದಲು ಪ್ರಾಣಿಗಳ ಕಾಲುದಾರಿಯನ್ನು ಎರಡು ಮಳೆಗಾಲ ನಡೆದು ನೋಡಿ, ಅತಿ ಕಿರಿದಾದ ಜಾಗ ಗುರುತಿಸಿ, ಲೀಸು ಅಲ್ಲಿಂದ ಶುರು ಮಾಡಿ. ಬೀಕನ್ ಮುಟ್ಟದೆ ನಕ್ಷೆಗೆ ಬಣ್ಣ ಹಾಕಬೇಡಿ. ಸಹಿಗೆ ಮುಂಚೆ ಭೂದಾಖಲೆ ಕಚೇರಿಯಲ್ಲಿ ಸರ್ಚ್ ಮಾಡಿಸಿ. ಟೈಟಲ್ ಇನ್ನೂ ತೀರಿಹೋದ ತಂದೆಯ ಹೆಸರಲ್ಲೇ ಇದ್ದರೆ ಮಗನ ಸಹಿ ನಿಲ್ಲುವುದಿಲ್ಲ. ಹೆಂಡತಿಯ ಒಪ್ಪಿಗೆ, ಕೃಷಿಭೂಮಿಯಾದರೆ ಲ್ಯಾಂಡ್ ಕಂಟ್ರೋಲ್ ಬೋರ್ಡ್ ಒಪ್ಪಿಗೆ, ಎರಡೂ ಕಡತದಲ್ಲಿರಲಿ. ಬೀಕನ್ ಹುಡುಕುವ ಕೆಲಸ ಒಣಗಾಲದಲ್ಲೇ ಮುಗಿಸಿ, ಮಳೆ ಹಿಡಿದರೆ ಎರೆಮಣ್ಣಿನಲ್ಲಿ ಜೀಪು ಹೂತುಹೋಗುತ್ತದೆ.

ನಮ್ಮ ಶೀಟಿನಲ್ಲಿ ಈಗಲೂ ಅಚ್ಚಾಗಿರುವುದು ಎಕರೆ ಕಾಲಂ ಒಂದೇ. ಅದರ ಪಕ್ಕ ಪೆನ್ನಿನಿಂದ ಇನ್ನೊಂದು ಗೆರೆ ಎಳೆದು, ಪ್ರತಿ ತಿಂಗಳು ಟೇಪು ಹಿಡಿದು ಅಳೆದು ಬರೆಯುತ್ತೇವೆ: ನೆಕ್, 20 ಮೀಟರ್, ತೆರೆದಿದೆ.