ಒಂದೊಂದೇ ಪೆಟ್ಟಿಗೆಯಲ್ಲಿ ಅಟ್ಲಾಂಟಿಕ್ ದಾಟಿದ್ದು

ಬೇಸಿಗೆಯುದ್ದಕ್ಕೂ ಮೆಡಿಟರೇನಿಯನ್ ಸಮುದ್ರದಲ್ಲಿ ಪ್ರವಾಸಿಗರನ್ನು ಸುತ್ತಿಸಿದ ದೊಡ್ಡ ಹಡಗುಗಳು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಒಂದೊಂದಾಗಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ಕಡೆಗೆ ಹೊರಡುತ್ತವೆ. ಯುರೋಪಿನಲ್ಲಿ ಚಳಿ ಕಾಲಿಡುವ ಹೊತ್ತಿಗೆ ಅತ್ತ ಚಂಡಮಾರುತಗಳ ಕಾಲ ಮುಗಿಯುತ್ತ ಬಂದಿರುತ್ತದೆ. ಹೇಗೂ ಹೋಗಲೇಬೇಕಾದ ಹಡಗನ್ನು ಖಾಲಿ ಒಯ್ಯುವುದೇಕೆಂದು ಕಂಪನಿಗಳು ಈ ಪ್ರಯಾಣದ ಟಿಕೆಟುಗಳನ್ನು ಅಗ್ಗದ ದರಕ್ಕೆ ಮಾರುತ್ತವೆ. ಬಂದರುಗಳು ಕಡಿಮೆ, ನೀರೇ ಹೆಚ್ಚು ಎಂಬ ಕಾರಣಕ್ಕೆ ಇವುಗಳಿಗೆ ಹತ್ತುವವರಲ್ಲಿ ಬಹುಪಾಲು ನಿವೃತ್ತರು. ಫ್ಲಾರಿಡಾದಲ್ಲಿರುವ ಮಗಳ ಮನೆಗೆ ಹೇಗೂ ಹೋಗಬೇಕಾಗಿದ್ದ ನಾವಿಬ್ಬರು ಬೆಂಗಳೂರಿನಿಂದ ಬಾರ್ಸಿಲೋನಾಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಮಾಲಗಾ, ಟೆನೆರಿಫ್ ದ್ವೀಪದ ಸಾಂತಾ ಕ್ರೂಸ್, ಸೇಂಟ್ ಮಾರ್ಟೆನ್ ದ್ವೀಪದ ಫಿಲಿಪ್ಸ್‌ಬರ್ಗ್ ಮಾರ್ಗವಾಗಿ ಫೋರ್ಟ್ ಲಾಡರ್‌ಡೇಲ್ ತಲುಪುವ ಹಡಗನ್ನು ಹಿಡಿದೆವು.

ವಿಮಾನದೊಳಗೆ ಒಯ್ಯಬಹುದಾದ ಏಳು ಕಿಲೋ ಪೆಟ್ಟಿಗೆ ತಲೆಗೊಂದರಂತೆ, ಅದಲ್ಲದೆ ಬೇರೇನೂ ಬೇಡ ಎಂದು ನಾನು ಪಟ್ಟು ಹಿಡಿದದ್ದಕ್ಕೆ ಮಿತವ್ಯಯ ಕಾರಣವಲ್ಲ, ಈ ಮಾರ್ಗದ ಸ್ವರೂಪವೇ ಕಾರಣ. ನಡುವೆ ಎಲ್ಲೋ ವಿಮಾನ ಬದಲಿಸುವಾಗ ಪೆಟ್ಟಿಗೆ ಹಿಂದುಳಿಯಿತೆಂದುಕೊಳ್ಳಿ. ಸಾಧಾರಣ ಪ್ರವಾಸದಲ್ಲಾದರೆ ಅದು ಮರುದಿನ ಹೋಟೆಲಿನ ಬಾಗಿಲಿಗೆ ಬಂದೀತು. ಇಲ್ಲಿ ಹಡಗು ಸಾಂತಾ ಕ್ರೂಸ್ ಬಿಟ್ಟಿತೆಂದರೆ ಆಚೆಯ ದಡ ಕಾಣುವವರೆಗೂ ಯಾವ ವಿಮಾನವೂ ಯಾವ ಪೆಟ್ಟಿಗೆಯನ್ನೂ ತಂದುಕೊಡಲಾರದು. ಜೊತೆಗೆ, ಬಾರ್ಸಿಲೋನಾದಲ್ಲಿ ಸ್ವೆಟರ್ ಬೇಡುವ ಹವೆ, ಫಿಲಿಪ್ಸ್‌ಬರ್ಗಿನಲ್ಲಿ ಉಡುಪಿಯ ಮೇ ತಿಂಗಳಿನ ಸೆಕೆ. ಎರಡಕ್ಕೂ ಬೇರೆ ಬೇರೆ ಉಡುಪು ಹೊರುತ್ತ ಹೋದರೆ ಪೆಟ್ಟಿಗೆಗಳಿಗೆ ಕೊನೆಯೇ ಇರುವುದಿಲ್ಲ.

“ಅಷ್ಟು ದಿನಕ್ಕೆ ಇಷ್ಟೇ ಬಟ್ಟೆ ಸಾಕಾಗುತ್ತದೇನೇ?” ಎಂದು ನಮ್ಮ ಯಜಮಾನರು ಹೊರಡುವ ಹಿಂದಿನ ರಾತ್ರಿಯವರೆಗೂ ಕೇಳುತ್ತಲೇ ಇದ್ದರು. ಪ್ರಯಾಣ ಎಷ್ಟು ದಿನದ್ದು ಎಂಬುದರಿಂದ ಬಟ್ಟೆಯ ಲೆಕ್ಕ ಹಾಕುವುದೇ ತಪ್ಪು ಎಂಬುದು ನನ್ನ ವಾದ. ಒಂದು ಒಗೆತಕ್ಕೂ ಇನ್ನೊಂದು ಒಗೆತಕ್ಕೂ ನಡುವೆ ಎಷ್ಟು ದಿನ, ಒಗೆದದ್ದು ಒಣಗಲು ಎಷ್ಟು ಹೊತ್ತು, ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಪ್ರಯಾಣ ವಾರದ್ದಾದರೂ ತಿಂಗಳದ್ದಾದರೂ ಬಟ್ಟೆ ಅಷ್ಟೇ. ಅವೆರಡರಲ್ಲಿಯೂ ಎರಡನೆಯದೇ ಕಠಿಣವಾದದ್ದು. ತೀರ್ಥಹಳ್ಳಿಯ ಕಡೆ ಹುಟ್ಟಿ, ಆಷಾಢದಲ್ಲಿ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ ಲಂಗ ಮೂರನೆಯ ದಿನವೂ ಹಸಿಯಾಗಿರುವುದನ್ನು, ಕೊನೆಗೆ ಹೊಗೆಯ ವಾಸನೆಯೊಂದಿಗೇ ಅದನ್ನು ಉಟ್ಟು ಶಾಲೆಗೆ ಹೋಗುವುದನ್ನು ಕಂಡು ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದ್ದರಿಂದ ಬಟ್ಟೆಗಳನ್ನು ಅಂದದಿಂದಲ್ಲ, ಒಣಗುವ ವೇಗದಿಂದ ಆರಿಸಿದೆ. ಜೀನ್ಸ್ ಮೊದಲೇ ಹೊರಗುಳಿಯಿತು. ಹತ್ತಿ ಒಣಗಿದೆ ಎನಿಸಿದಾಗಲೂ ಗಾಳಿಯ ತೇವವನ್ನು ಹೀರಿ ತನ್ನ ತೂಕದ ಶೇಕಡಾ ಎಂಟರ ಆಸುಪಾಸಿನಷ್ಟು ನೀರನ್ನು ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರಿನಲ್ಲಿ ಅದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಹಾಗೆಂದು ಸೆಕೆಯಲ್ಲಿ ಅಪ್ಪಟ ಪಾಲಿಯೆಸ್ಟರ್ ತೊಟ್ಟರೆ ಸಂಜೆಯ ಹೊತ್ತಿಗೆ ಪಕ್ಕದಲ್ಲಿ ಕುಳಿತವರು ಎದ್ದು ಹೋಗುತ್ತಾರೆ. ಯಜಮಾನರ ಅಂಗಿಗಳನ್ನು ಹತ್ತಿ ಬೆರೆತ ತೆಳು ಬಟ್ಟೆಯಲ್ಲಿ ಹೊಲಿಸಿದೆ, ಚಳಿಗೆ ಇಬ್ಬರಿಗೂ ಒಂದೊಂದು ತೆಳು ಉಣ್ಣೆಯ ಮೇಲಂಗಿ ತೆಗೆದುಕೊಂಡೆ. ಉಣ್ಣೆಗೆ ಬೆವರಿನ ವಾಸನೆ ಬೇಗ ಹತ್ತುವುದಿಲ್ಲವಾದ್ದರಿಂದ ಅದು ದಾರಿಯುದ್ದಕ್ಕೂ ಒಗೆತವನ್ನೇ ಕೇಳಲಿಲ್ಲ. ನನ್ನ ಮಟ್ಟಿಗೆ ಚೂಡಿದಾರಗಳು, ಒಂದು ವಾಯಿಲ್ ಸೀರೆ, ಒಂದು ಮೈಸೂರು ರೇಷ್ಮೆ. ಸೀರೆ ಒಣಗಿದರೂ ಲಂಗದ ಲಾಡಿ ಮತ್ತು ಅದು ಹಾಯುವ ನೇಫಾ ಮಾತ್ರ ಒಣಗುವುದಿಲ್ಲ ಎಂಬುದು ಹೆಂಗಸರೆಲ್ಲರಿಗೂ ಗೊತ್ತಿರುವ ಸಂಗತಿ. ಅದಕ್ಕಾಗಿ ಎಲಾಸ್ಟಿಕ್ ಸೊಂಟಪಟ್ಟಿಯ ಲಂಗವನ್ನೇ ತೆಗೆದುಕೊಂಡೆ. ಟರ್ಕಿ ಟವೆಲುಗಳನ್ನು ಹಡಗೇ ಕೊಡುತ್ತದೆ, ಆದರೂ ತೆಳುವಾದ ಪಾಣಿಪಂಚೆ ಎರಡು ಬಂದವು, ಮತ್ತು ಬಂದದ್ದು ಒಳ್ಳೆಯದೇ ಆಯಿತು. ಹೀಗೆ ಉಳಿದ ಜಾಗಕ್ಕೆ ಚಟ್ನಿಪುಡಿಯ ಡಬ್ಬ ಬಂದು ಕುಳಿತದ್ದನ್ನು ನಾನು ನೋಡಿಯೂ ನೋಡದಂತೆ ಇದ್ದೆ.

ಮೈಸೂರು ರೇಷ್ಮೆಯ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಇಂಥ ಹಡಗುಗಳಲ್ಲಿ ಕೆಲವು ಸಂಜೆಗಳು ಔಪಚಾರಿಕ ಉಡುಪಿನವು. ಅಂದು ಗಂಡಸರು ಸೂಟು, ಹೆಂಗಸರು ನೆಲ ಮುಟ್ಟುವ ಗೌನು ತೊಟ್ಟು ಊಟಕ್ಕೆ ಬರುತ್ತಾರೆ. ಪಾಶ್ಚಾತ್ಯ ಪ್ರಯಾಣಿಕರ ಪೆಟ್ಟಿಗೆಯಲ್ಲಿ ಅರ್ಧ ಜಾಗ ಈ ಕೆಲವೇ ಸಂಜೆಗಳ ಕೋಟು, ಬೂಟು, ಗೌನುಗಳಿಗೇ ಹೋಗುತ್ತದೆ. ಕ್ರೇಪ್ ನೆಯ್ಗೆಯ ಮೈಸೂರು ರೇಷ್ಮೆಯಾದರೋ ಅಂಗೈ ಅಗಲಕ್ಕೆ ಮಡಚಿಟ್ಟರೂ ಸುಕ್ಕಾಗದು, ಉಟ್ಟ ಮೇಲೆ ಗಾಳಿಗೆ ಹಾಕಿ ಮಡಚಿದರೆ ಮುಂದಿನ ಸಂಜೆಗೆ ಸಿದ್ಧ. ಒಂದು ಸಂಜೆಗೆ ಅದರ ಜೊತೆಗಿನ ರವಿಕೆ, ಇನ್ನೊಂದು ಸಂಜೆಗೆ ಬೇರೆ ಬಣ್ಣದ ರವಿಕೆ, ಅಷ್ಟರಲ್ಲಿ ಎದುರು ಮೇಜಿನ ಇಂಗ್ಲಿಷ್ ಹೆಂಗಸು ನನ್ನ ಬಳಿ ಎಷ್ಟು ಸೀರೆಗಳಿವೆಯೆಂದು ಕೇಳಿದಳು. ಯಜಮಾನರು ರೇಷ್ಮೆ ಜುಬ್ಬಾದಲ್ಲಿಯೇ ಎಲ್ಲ ಸಂಜೆಗಳನ್ನೂ ಸಾಗಿಸಿದರು.

ಹಡಗಿನಲ್ಲಿ ಬಟ್ಟೆ ಒಗೆಯಲು ಮೂರು ದಾರಿಗಳಿದ್ದವು. ಮೊದಲನೆಯದು, ಕೋಣೆಯ ಕಪಾಟಿನಲ್ಲಿರುವ ಚೀಲಕ್ಕೆ ತುಂಬಿ ಹಡಗಿನ ಲಾಂಡ್ರಿಗೆ ಕಳುಹಿಸುವುದು. ಅಲ್ಲಿ ಒಂದೊಂದು ಬಟ್ಟೆಗೂ ದರವಿದೆ, ಒಂದು ಅಂಗಿಗೆ ತೆರುವ ಡಾಲರುಗಳನ್ನು ರೂಪಾಯಿಗೆ ತಿರುಗಿಸಿದರೆ ನಮ್ಮೂರಿನಲ್ಲಿ ಹಲವು ಅಂಗಿಗಳಿಗೆ ಇಸ್ತ್ರಿಯಾಗುತ್ತದೆ. ಪ್ರಯಾಣದ ನಡುವೆ ಒಂದು ದಿನ ‘ಚೀಲ ತುಂಬ ಹಿಡಿದಷ್ಟಕ್ಕೆ ಒಂದೇ ದರ’ ಎಂಬ ಚೀಟಿ ಬಾಗಿಲಡಿ ಬರುತ್ತದೆ. ಅದನ್ನು ಕಾದು ಕುಳಿತವರು ಚೀಲವನ್ನು ಮೊಣಕಾಲಿನಿಂದ ಅದುಮಿ ತುಂಬುವುದನ್ನು ತೆರೆದ ಬಾಗಿಲುಗಳಲ್ಲಿ ಕಂಡೆವು. ನಮ್ಮ ಕೋಣೆಯ ಕೆಲಸಕ್ಕೆ ಬರುತ್ತಿದ್ದ ಕುಂದಾಪುರದ ಹುಡುಗ ಹಿಂದೆ ಕೆಳಗಿನ ಲಾಂಡ್ರಿಯಲ್ಲಿ ದುಡಿದವನು. ಸಾವಿರಾರು ಪ್ರಯಾಣಿಕರ ಹಾಸಿಗೆ ಬಟ್ಟೆ, ಟವೆಲು, ಮೇಜಿನ ಹೊದಿಕೆ, ಸಿಬ್ಬಂದಿಯ ಸಮವಸ್ತ್ರ ಎಲ್ಲವೂ ನೀರಿನ ಮಟ್ಟಕ್ಕೆ ಹತ್ತಿರವಿರುವ ಕಿಟಕಿಯಿಲ್ಲದ ಆ ಅಂತಸ್ತಿನಲ್ಲಿ ಹಗಲೂ ರಾತ್ರಿ ಒಗೆಯಲ್ಪಡುತ್ತವೆ ಎಂದು ವಿವರಿಸಿ, “ಅಮ್ಮಾ, ಮಿಷನ್ನಿನ ಬಿಸಿ ತಡೆಯೂದು ಮಾತ್ರ ಕೆಳಗೆ ಕಳ್ಸಿ, ರೇಷ್ಮೆ ಮಾತ್ರ ಬೇಡ” ಎಂದ. ಅವನ ಮಾತಿಗೆ ಬೆಲೆ ಕೊಟ್ಟು ಯಜಮಾನರ ಪ್ಯಾಂಟುಗಳನ್ನಷ್ಟೇ ಕಳುಹಿಸಿದೆವು.

ಎರಡನೆಯದು, ನಮ್ಮ ಅಂತಸ್ತಿನ ತುದಿಯಲ್ಲಿದ್ದ ಪ್ರಯಾಣಿಕರೇ ಬಳಸುವ ಒಗೆಯುವ ಕೋಣೆ. ಎಲ್ಲ ಹಡಗುಗಳಲ್ಲಿಯೂ ಇದು ಇರುವುದಿಲ್ಲ, ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು. ಒಗೆಯುವ ಯಂತ್ರ ಎರಡು, ಒಣಗಿಸುವ ಯಂತ್ರ ಎರಡು, ಇಸ್ತ್ರಿ ಮೇಜು ಒಂದು, ಕುಳಿತು ಕಾಯಲು ಒಂದು ಬೆಂಚು. ತೀರ ಕಾಣದ ದಿನಗಳ ಬೆಳಗ್ಗೆ ಈ ಪುಟ್ಟ ಕೋಣೆ ಹಡಗಿನ ಅತಿ ಬಿಸಿಯಾದ ರಾಜಕೀಯ ಕ್ಷೇತ್ರವಾಗಿತ್ತು. ಯಂತ್ರ ನಿಂತ ಮೇಲೆ ಬಟ್ಟೆಯ ಒಡೆಯ ಬರುವವರೆಗೆ ಎಷ್ಟು ಹೊತ್ತು ಕಾಯಬೇಕು, ಬಾರದಿದ್ದರೆ ಪರರ ಬಟ್ಟೆಗೆ ಕೈ ಹಾಕಬಹುದೇ ಎಂಬ ವಿಷಯದಲ್ಲಿ ಒಬ್ಬ ಜರ್ಮನ್ ಹಿರಿಯರಿಗೂ ಒಬ್ಬ ಅಮೆರಿಕನ್ ಹೆಂಗಸಿಗೂ ನಡೆದ ವಾಗ್ವಾದವನ್ನು ನಾನು ಬೆಂಚಿನ ಮೇಲೆ ಕುಳಿತು ಕೇಳಿದ್ದೇನೆ. ಆ ಹಿರಿಯರು ಆಕೆಯ ಬಟ್ಟೆಗಳನ್ನು ಹೊರತೆಗೆದು ಯಂತ್ರದ ಮೇಲೆ ಜೋಡಿಸಿಟ್ಟಿದ್ದರು. ಜೋಡಿಸಿದ್ದು ಬಹಳ ನೀಟಾಗಿತ್ತೆಂಬುದೇ ಆಕೆಯನ್ನು ಹೆಚ್ಚು ಕೆರಳಿಸಿದಂತೆ ಕಂಡಿತು. ಈ ಕೋಣೆ ಬೇಕಾದವರು ಹಡಗು ಬಂದರಿನಲ್ಲಿ ನಿಂತಿರುವಾಗ, ಇಲ್ಲವೇ ಎಲ್ಲರೂ ರಾತ್ರಿಯೂಟಕ್ಕೆ ಕುಳಿತಿರುವಾಗ ಹೋಗಬೇಕು. ಸಾಂತಾ ಕ್ರೂಸ್‌ನಲ್ಲಿ ಜನರೆಲ್ಲ 3,715 ಮೀಟರ್ ಎತ್ತರದ ತೆಯ್ದೆ ಪರ್ವತ ನೋಡಲು ಬಸ್ಸೇರಿ ಹೋದ ಮೇಲೆ ನಾವು ಮೊದಲು ಒಗೆತ ಮುಗಿಸಿ, ಬಿಸಿ ಬಿಸಿ ಬಟ್ಟೆ ಮಡಚಿಟ್ಟು, ಮಧ್ಯಾಹ್ನ ಊರೊಳಗಿನ ಮಾರುಕಟ್ಟೆಗೆ ನಡೆದುಕೊಂಡು ಹೋದೆವು. ಪರ್ವತ ತಪ್ಪಿತೆಂದು ಯಜಮಾನರು ಗೊಣಗಿದರು. ಅದು ಹಡಗಿನ ಮೇಲಟ್ಟದಿಂದಲೂ ಕಾಣಬಹುದಿತ್ತು, ಅಂದು ಮೋಡವಿತ್ತು, ಅಷ್ಟೆ.

ಇಸ್ತ್ರಿಪೆಟ್ಟಿಗೆ ಆ ಕೋಣೆಯಲ್ಲಿ ಮಾತ್ರ ಇತ್ತು. ನಮ್ಮ ಕೋಣೆಗೆ ಇಸ್ತ್ರಿಪೆಟ್ಟಿಗೆಯನ್ನಾಗಲಿ, ಹಬೆಯಿಂದ ಸುಕ್ಕು ಬಿಡಿಸುವ ಉಪಕರಣವನ್ನಾಗಲಿ ತರಕೂಡದು; ತಂದರೆ ಹತ್ತುವಾಗಲೇ ತಪಾಸಣೆಯವರು ತೆಗೆದಿಟ್ಟುಕೊಳ್ಳುತ್ತಾರೆ. ಕಡಲ ನಡುವೆ ಬೆಂಕಿಯಷ್ಟು ಭಯ ಇನ್ನೊಂದಿಲ್ಲ. 1998ರ ಜುಲೈ 20ರಂದು ಮಯಾಮಿಯಿಂದ ಹೊರಟ ಸ್ವಲ್ಪ ಹೊತ್ತಿಗೇ ಎಕ್ಸ್ಟಸಿ ಎಂಬ ಪ್ರವಾಸಿ ಹಡಗಿಗೆ ಬೆಂಕಿ ಹತ್ತಿದ್ದು ಅದರ ಲಾಂಡ್ರಿಯಲ್ಲಿಯೇ. ಅಲ್ಲಿ ಮಾಡುತ್ತಿದ್ದ ವೆಲ್ಡಿಂಗ್‌ನಿಂದ ಗಾಳಿಕೊಳವೆಯಲ್ಲಿ ಸೇರಿಕೊಂಡಿದ್ದ ಬಟ್ಟೆಯ ನವಿರು ಎಳೆಗಳ ಧೂಳು ಹೊತ್ತಿಕೊಂಡಿತ್ತು. ಒಣಗಿಸುವ ಯಂತ್ರದ ಜಾಲರಿಯಲ್ಲಿ ನಿಲ್ಲುವ ಆ ಧೂಳನ್ನು ಪ್ರತಿಸಲವೂ ತೆಗೆಯಿರಿ ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುವುದು ಸುಮ್ಮನೆ ಅಲ್ಲ.

ನಾವು ಹೆಚ್ಚು ನಂಬಿದ್ದು ಮೂರನೆಯ ದಾರಿಯನ್ನು, ಅಂದರೆ ದಿನದ ಬಟ್ಟೆಯನ್ನು ದಿನವೇ ಕೋಣೆಯ ಬಚ್ಚಲಿನ ಬೋಗುಣಿಯಲ್ಲಿ ಕೈಯಿಂದ ಒಗೆಯುವುದನ್ನು. ಹಡಗಿನ ನಲ್ಲಿಯಲ್ಲಿ ಬರುವ ನೀರಿನ ಬಹುಪಾಲು ಸಮುದ್ರದ ನೀರನ್ನೇ ಕಾಯಿಸಿ ಭಟ್ಟಿ ಇಳಿಸಿ, ಇಲ್ಲವೇ ಪೊರೆಗಳ ಮೂಲಕ ಒತ್ತಿ ಉಪ್ಪು ತೆಗೆದು ಮಾಡಿದ್ದು. ಹಾಗಾಗಿ ಅದು ಬಲು ಮೃದು. ಸಾಬೂನನ್ನು ಸ್ವಲ್ಪ ಸೋಕಿಸಿದರೂ ನೊರೆ ಉಕ್ಕುತ್ತದೆ, ಜಾಲಿಸಿದಷ್ಟೂ ಜಾರುತ್ತಲೇ ಇರುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಒಗ್ಗಿದ ಕೈ ಮೊದಲ ದಿನಗಳಲ್ಲಿ ಸಾಬೂನನ್ನು ಅಳತೆ ಮೀರಿ ತಿಕ್ಕುತ್ತದೆ. ಇದೇ ಮಾರ್ಗದಲ್ಲಿ ಹಿಂದೆ ಹಾಯಿಹಡಗುಗಳಲ್ಲಿ ಹೋದವರಿಗೆ ಈ ಭಾಗ್ಯ ಇರಲಿಲ್ಲ. ಕೊಲಂಬಸ್ 1492ರ ಸೆಪ್ಟೆಂಬರ್ 6ರಂದು ಟೆನೆರಿಫ್‌ನ ನೆರೆಯ ಲಾ ಗೊಮೆರಾ ದ್ವೀಪದಿಂದ ಹೊರಟು ಅಕ್ಟೋಬರ್ 12ಕ್ಕೆ ಆಚೆ ದಡ ಕಂಡ. ಅಷ್ಟೂ ದಿನ ಪೀಪಾಯಿಗಳ ನೀರು ಕುಡಿಯುವುದಕ್ಕೆ ಮೀಸಲು. ಹಾಯಿಹಡಗಿನ ನಾವಿಕರು ಸಮುದ್ರದ ನೀರಿನಲ್ಲಿಯೇ ಬಟ್ಟೆ ಒಗೆಯಬೇಕಿತ್ತು. ಎಳೆಗಳಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಮತ್ತೆ ಮತ್ತೆ ಹೀರುವುದರಿಂದ ಅಂಥ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ, ಮೈಯನ್ನೂ ಕೆರೆಯುತ್ತದೆ. ಉಪ್ಪುನೀರಿನಲ್ಲಿ ಸಾಮಾನ್ಯ ಸಾಬೂನು ಒಡೆದು ಅಂಟಾಗುತ್ತದೆ, ಕೊಬ್ಬರಿ ಎಣ್ಣೆಯ ಸಾಬೂನು ಮಾತ್ರ ನೊರೆ ಕೊಡುತ್ತದೆ; ನಾವಿಕರ ಸಾಬೂನು ಎಂದು ಮಾರುತ್ತಿದ್ದದ್ದು ಅದನ್ನೇ.

ಒಗೆದ ಮೇಲೆ ಹಿಂಡುವುದರಲ್ಲಿಯೇ ಎಲ್ಲ ಇದೆ. ಹಡಗಿನ ದಪ್ಪ ಟವೆಲನ್ನು ಹಾಸಿ, ಅದರ ಮೇಲೆ ಹಿಂಡಿದ ಅಂಗಿಯನ್ನು ತೋಳು ಬಿಡಿಸಿ ಹರಡಿ, ಎರಡನ್ನೂ ಸೇರಿಸಿ ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಬೇಕು. ಆಮೇಲೆ ಅದರ ಮೇಲೆ ನಿಲ್ಲಬೇಕು. ಈ ಕೆಲಸ ಯಜಮಾನರಿಗೆ ಒಪ್ಪಿಸಲ್ಪಟ್ಟಿತ್ತು. ಹಡಗು ಒಲೆಯುವಾಗ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಸುರುಳಿಯ ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕುವುದನ್ನು ಅವರು ಬಲು ಬೇಗ ರೂಢಿಸಿಕೊಂಡರು. ಬಿಚ್ಚಿದರೆ ಟವೆಲು ತೊಯ್ದಿರುತ್ತದೆ, ಅಂಗಿ ತಣ್ಣಗಿದ್ದರೂ ಹನಿಕ್ಕುವುದಿಲ್ಲ.

ಒಣಹಾಕಲು ಬಾಲ್ಕನಿ ಇದ್ದವರಿಗೂ ಅಲ್ಲಿ ಅವಕಾಶವಿಲ್ಲ, ಗಾಳಿಗೆ ಹಾರಿದ ಬಟ್ಟೆ ಸಮುದ್ರದ ಪಾಲು ಅಥವಾ ಕೆಳಗಿನ ಅಂತಸ್ತಿನವರ ಪಾಲು. ಅವಕಾಶ ಇದ್ದಿದ್ದರೂ ಪ್ರಯೋಜನವಿರಲಿಲ್ಲ. ದಕ್ಷಿಣಕ್ಕೆ ಇಳಿದಂತೆ ಹೊರಗಿನ ಗಾಳಿ ಉಪ್ಪು ಮತ್ತು ತೇವದಿಂದ ಜಿಗುಟಾಗುತ್ತದೆ. ಒಣ ಗಾಳಿ ಇರುವುದು ಒಳಗೆ. ಬಚ್ಚಲಿನ ಮಾಡಿನಲ್ಲಿರುವ ಕಿಂಡಿ ಹಗಲಿರುಳೂ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ, ಷವರಿನ ಗೋಡೆಯಿಂದ ಎಳೆದು ಎದುರಿನ ಕೊಕ್ಕೆಗೆ ಸಿಕ್ಕಿಸುವ ಹಗ್ಗವೂ ಅಲ್ಲಿಯೇ ಇದೆ. ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಟ್ಟರೆ ಎ.ಸಿ.ಯ ಒಣ ಗಾಳಿ ಬಟ್ಟೆಗಳ ನಡುವೆ ಹಾದು ಆ ಕಿಂಡಿಗೆ ಹೋಗುತ್ತದೆ. ಕೋಣೆಯ ಗೋಡೆಗಳು ಉಕ್ಕಿನವು, ಹಾಗಾಗಿ ಅಯಸ್ಕಾಂತದ ಕೊಕ್ಕೆಗಳು ಎಲ್ಲಿ ಬೇಕಾದರೂ ಅಂಟಿಕೊಳ್ಳುತ್ತವೆ. ಬಾಗಿಲಿನಿಂದ ಕನ್ನಡಿಯವರೆಗೆ ಅವನ್ನಂಟಿಸಿ ವಾಯಿಲ್ ಸೀರೆಯನ್ನು ನಾಲ್ಕು ಮಡಿಕೆಯಲ್ಲಿ ಹರವಿದ್ದನ್ನು ನೋಡಿ ಕುಂದಾಪುರದ ಹುಡುಗ ಅದರಡಿ ಬಗ್ಗಿಯೇ ಹಾಸಿಗೆ ಸರಿಮಾಡಿ ಹೋದ, ಏನೂ ಅನ್ನಲಿಲ್ಲ. ಪಶ್ಚಿಮಕ್ಕೆ ಹೋಗುವವರಿಗೆ ಇನ್ನೊಂದು ಅನುಕೂಲವೂ ಉಂಟು. ಸ್ಪೇನ್ ಮತ್ತು ಫ್ಲಾರಿಡಾದ ಗಡಿಯಾರಗಳಿಗೆ ಚಳಿಗಾಲದಲ್ಲಿ ಆರು ಗಂಟೆಯ ವ್ಯತ್ಯಾಸ. ಅದನ್ನು ಹಡಗು ರಾತ್ರಿಗೆ ಒಂದೊಂದು ಗಂಟೆಯಂತೆ ಹಿಂದೆ ಸರಿಸುತ್ತ ಹೋಗುತ್ತದೆ. ನಿದ್ದೆಗೆ ಸಿಕ್ಕ ಆ ಹೆಚ್ಚಿನ ಗಂಟೆ ಬಟ್ಟೆಗಳಿಗೂ ಸಿಗುತ್ತಿತ್ತು.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಮಲಗುವ ಮೊದಲೇ ಹೊರಗಿಡಬೇಕು, ಅವು ಬೆಳಗ್ಗೆ ದಡದಲ್ಲಿ ಸಿಗುತ್ತವೆ. ಬೆಳಗ್ಗೆ ತೊಡುವ ಪ್ಯಾಂಟನ್ನೂ ಒಳಗೆ ಹಾಕಿ ಕಳುಹಿಸಿಬಿಟ್ಟಿದ್ದ ಒಬ್ಬ ಮಹಾನುಭಾವರು ಹಡಗಿನ ಸ್ನಾನದ ನಿಲುವಂಗಿಯಲ್ಲಿಯೇ ತಿಂಡಿಗೆ ಬಂದಿದ್ದರು. ತಮ್ಮ ಸಾಮಾನನ್ನು ತಾವೇ ಎಳೆದುಕೊಂಡು ಇಳಿಯಬಲ್ಲವರಿಗೆ ಮೊದಲ ಸರದಿ, ಹೀಗಾಗಿ ನಾವು ಫೋರ್ಟ್ ಲಾಡರ್‌ಡೇಲ್‌ನಲ್ಲಿ ಬೇಗನೆ ವಲಸೆ ಅಧಿಕಾರಿಗಳ ಮುಂದೆ ನಿಂತಿದ್ದೆವು.

ಮಗಳ ಮನೆಯಲ್ಲಿ ಉಳಿದ ಬಟ್ಟೆಗಳನ್ನು ಒಗೆದು ಹಿತ್ತಿಲಿನಲ್ಲಿ ಹಗ್ಗ ಕಟ್ಟಲು ಹೋದಾಗ, ಬಡಾವಣೆಯ ಸಂಘದವರು ಆಕ್ಷೇಪಿಸುತ್ತಾರೆ ಎಂದು ಅವಳು ತಡೆದಳು. ಅಲ್ಲಿ ಹೊರಗೆ ಬಟ್ಟೆ ಒಣಹಾಕುವುದನ್ನು ಅಂದಗೆಡಿಸುವ ಕೆಲಸವೆಂದು ಭಾವಿಸುವ ಸಂಘಗಳು ಬೇಕಾದಷ್ಟಿವೆ. ಆದರೆ ಬಟ್ಟೆ ಒಣಗಿಸುವ ಹಗ್ಗವನ್ನು ಯಾವ ಸಂಘವೂ ನಿಷೇಧಿಸಕೂಡದೆಂಬ ಕಾನೂನು ಫ್ಲಾರಿಡಾ ಸೇರಿದಂತೆ ಕೆಲವು ರಾಜ್ಯಗಳಲ್ಲಿದೆ. ಅಳಿಯಂದಿರು ಮೊಬೈಲಿನಲ್ಲಿ ಅದನ್ನು ಹುಡುಕಿ ಓದಿ ತೋರಿಸಿದ ಮೇಲೆ, ಯಜಮಾನರು ಎರಡು ಮರಗಳ ನಡುವೆ ಹಗ್ಗ ಬಿಗಿದರು.