ಕಡೇ ಲಾಂಚು ಎಷ್ಟೊತ್ತಿಗೆ?

ಮಾರ್ಚ್ ತಿಂಗಳ ಮೊದಲ ವಾರದ ಒಂದು ಬೆಳಿಗ್ಗೆ, ಕೆನಡಾದ ಕಿಚನರಿನ ನಮ್ಮ ಮನೆಯ ಮುಂದೆ ಮೊಣಕಾಲುದ್ದ ಹಿಮ ಬಿದ್ದಿದ್ದಾಗ, ನಾನೂ ನನ್ನ ಹೆಂಡತಿಯೂ ಅಡುಗೆಮನೆಯ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್‌ಗಳನ್ನು ತೆರೆದಿಟ್ಟುಕೊಂಡು ಗಂಟೆ ಏಳಾಗುವುದನ್ನೇ ಕಾಯುತ್ತಿದ್ದೆವು. ಒಂಟಾರಿಯೊ ಪ್ರಾಂತ್ಯದ ಉದ್ಯಾನಗಳಲ್ಲಿ ತಂಗುವ ಜಾಗವನ್ನು ಐದು ತಿಂಗಳು ಮೊದಲೇ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕಾದಿರಿಸಲು ಬಿಡುತ್ತಾರೆ. ಆಗಸ್ಟಿನಲ್ಲಿ ಸರೋವರದ ದಂಡೆಗೆ ಹತ್ತಿರದ ಜಾಗ ಬೇಕೆಂದರೆ ಹಿಮ ಗುಡಿಸುವ ಕಾಲದಲ್ಲಿಯೇ ಎದ್ದು ಕೂರಬೇಕಾಗುತ್ತದೆ. ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದ ಅಪ್ಪಯ್ಯ, ‘ಓಹೋ, ತತ್ಕಾಲ್ ಟಿಕೆಟ್ ಇದ್ದ ಹಾಗೆ’ ಎಂದರು. ಮೂರೇ ನಿಮಿಷದಲ್ಲಿ ನಾವು ಬಯಸಿದ್ದ ಮೂರು ಜಾಗಗಳಲ್ಲಿ ಎರಡು ಬೇರೆಯವರ ಪಾಲಾಗಿದ್ದವು.

ಊರಿನಿಂದ ಬಂದಿರುವ ಅಪ್ಪಯ್ಯ, ಅಮ್ಮ, ನಾವಿಬ್ಬರು ಮತ್ತು ಒಂಬತ್ತು ವರ್ಷದ ಮಗಳು, ಹೀಗೆ ಐವರು ಸೇರಿ ಸುಪೀರಿಯರ್ ಸರೋವರದ ಉತ್ತರ ದಂಡೆಯನ್ನು ಹಿಡಿದು ಥಂಡರ್ ಬೇ ಊರಿನವರೆಗೆ ಕಾರಿನಲ್ಲಿ ಹೋಗಿಬರುವುದು ನಮ್ಮ ಯೋಜನೆ. ಸರೋವರ ಎಂಬ ಮಾತು ನಮ್ಮ ಕಿವಿಗೆ ತಪ್ಪು ಚಿತ್ರವನ್ನು ಕೊಡುತ್ತದೆ. ಇದರ ವಿಸ್ತೀರ್ಣ 82,100 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಅತಿ ಆಳವಾದ ಕಡೆ 406 ಮೀಟರ್ ನೀರಿದೆ. ಆಚೆ ದಡ ಕಾಣುವುದಿಲ್ಲ, ಗಾಳಿ ಎದ್ದರೆ ಅಲೆಗಳು ಕಡಲಿನಂತೆಯೇ ಅಪ್ಪಳಿಸುತ್ತವೆ, ಮೂಗಿಗೆ ಉಪ್ಪಿನ ವಾಸನೆ ಬಾರದಿರುವುದೊಂದೇ ವ್ಯತ್ಯಾಸ.

ಈ ಸರೋವರವನ್ನು ಪೂರ್ತಿ ಸುತ್ತುಹಾಕುವ ದಾರಿಯೊಂದಿದೆ. ಸುಮಾರು 2,100 ಕಿಲೋಮೀಟರ್ ಉದ್ದದ ಆ ಸುತ್ತಿನ ಉತ್ತರಾರ್ಧ ಕೆನಡಾದಲ್ಲಿ, ದಕ್ಷಿಣಾರ್ಧ ಅಮೆರಿಕದಲ್ಲಿ ಇದೆ. ಹೋದ ದಾರಿಯಲ್ಲೇ ಹಿಂದಿರುಗದೆ ಸುತ್ತಿ ಬರಬೇಕೆಂಬುದು ಯಾರಿಗಾದರೂ ಹುಟ್ಟುವ ಆಸೆ. ಆದರೆ ಕೆನಡಾದ ವೀಸಾದ ಮೇಲೆ ಬಂದಿರುವ, ಭಾರತದ ಪಾಸ್‌ಪೋರ್ಟ್ ಹೊಂದಿರುವ ಹಿರಿಯರಿಗೆ ಅಮೆರಿಕದ ಗಡಿ ದಾಟಲು ಬೇರೆಯೇ ವೀಸಾ ಬೇಕು. ಇಲ್ಲಿನ ನಮ್ಮವರ ಮನೆಗಳಲ್ಲಿ ಬೇಸಿಗೆಯ ಪ್ರವಾಸದ ನಕ್ಷೆಯನ್ನು ಬರೆಯುವುದು ಬಹುಪಾಲು ಈ ಸಂಗತಿಯೇ. ನಯಾಗರದಲ್ಲೂ ಅಪ್ಪ ಅಮ್ಮಂದಿರು ಈಚೆ ದಡದಿಂದಲೇ ಆಚೆ ದಡವನ್ನು ನೋಡಿ ಬರುತ್ತಾರೆ. ಆದ್ದರಿಂದ ನಮ್ಮದು ಅರ್ಧ ಸುತ್ತು. ಹೋದ ಹೆದ್ದಾರಿಯಲ್ಲೇ ಬಹುತೇಕ ಹಿಂದಿರುಗಬೇಕು.

ನಾನು ಪರದೆಯ ಮೇಲೆ ನಕ್ಷೆಯನ್ನು ಹರಡಿ, ಸೂ ಸೇಂಟ್ ಮರಿ, ವಾವಾ, ವೈಟ್ ರಿವರ್, ಮ್ಯಾರಥಾನ್, ನಿಪಿಗನ್ ಎಂದು ಊರುಗಳನ್ನು ಒಂದೊಂದಾಗಿ ತೋರಿಸಿದಾಗ ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಅದೆಲ್ಲ ಸರಿ ಮಾರಾಯ, ಕಡೇ ಲಾಂಚು ಎಷ್ಟೊತ್ತಿಗೆ?’

ನನ್ನ ಹೆಂಡತಿ ಬೆಂಗಳೂರಿನವಳು, ಅವಳಿಗೆ ಇದು ತಮಾಷೆಯಾಗಿ ಕೇಳಿಸಿತು. ನನಗೆ ಹಾಗಾಗಲಿಲ್ಲ. ನಮ್ಮದು ಸಾಗರ ತಾಲ್ಲೂಕಿನ ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಅಪ್ಪಯ್ಯನಿಗೆ ಎಂಟು ವರ್ಷ; ಸಾಗರಕ್ಕೆ ಹೋಗುತ್ತಿದ್ದ ದಾರಿ ಅವರ ಕಣ್ಣೆದುರೇ ನೀರಿನೊಳಗೆ ಇಳಿಯಿತು. ಅಲ್ಲಿಂದ ಮುಂದೆ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚೇ ನಮ್ಮ ಹೆದ್ದಾರಿ. ಮದುವೆಯ ದಿಬ್ಬಣವಾಗಲಿ, ಹೆರಿಗೆಗೆ ಹೊರಟ ಹೆಂಗಸಾಗಲಿ, ಮಂಡಿಗೆ ಹೋದ ಅಡಿಕೆಯಾಗಲಿ, ಎಲ್ಲದರ ಲೆಕ್ಕಾಚಾರವೂ ಸಂಜೆಯ ಕಡೇ ಲಾಂಚಿನಿಂದ ಹಿಂದಕ್ಕೆ ಎಣಿಸುತ್ತ ಬರುತ್ತಿತ್ತು. ಅದು ತಪ್ಪಿದರೆ ಸಾಗರದ ನೆಂಟರ ಮನೆಯೇ ಗತಿ. 2025ರ ಜುಲೈ 14ರಂದು ಸಿಗಂದೂರಿನ ತೂಗುಸೇತುವೆ ತೆರೆಯಿತು. ಅಪ್ಪಯ್ಯ ಅದರ ಮೇಲೆ ಹೋಗಿಬಂದೂ ಆಯಿತು. ಆದರೆ ಅರವತ್ತು ವರ್ಷಗಳ ಎಣಿಕೆ ಸೇತುವೆಯಾದ ಮಾತ್ರಕ್ಕೆ ಬಿಟ್ಟುಹೋಗುವಂಥದ್ದಲ್ಲ.

ಅವರ ಪ್ರಶ್ನೆ ನನ್ನನ್ನು ನಾಟಿದ್ದಕ್ಕೆ ಇನ್ನೊಂದು ಕಾರಣವಿತ್ತು. ಮೂರು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಗೆಳೆಯರೊಂದಿಗೆ ಹೋಗಿದ್ದಾಗ, ವಾವಾ ದಾಟುವಷ್ಟರಲ್ಲಿ ಕತ್ತಲಾಗಿತ್ತು. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲಿತ್ತು, ಮುಂದೆ ಬಂಕ್ ಇದೆಯೆಂದು ಫೋನಿನ ನಕ್ಷೆ ಹೇಳುತ್ತಿತ್ತು. ಅಲ್ಲಿಗೆ ತಲುಪಿದಾಗ ಕಂಡದ್ದು ಮುರಿದ ಗಾಜಿನ ಕಿಟಕಿ, ಬಿರುಕುಬಿಟ್ಟ ಕಾಂಕ್ರೀಟಿನೊಳಗಿಂದ ಎದ್ದಿದ್ದ ಪೊದೆ. ಆ ಬಂಕ್ ಮುಚ್ಚಿ ಎಷ್ಟೋ ವರ್ಷಗಳಾಗಿರಬೇಕು. ಫೋನಿಗೆ ಸಿಗ್ನಲ್ ಇರಲಿಲ್ಲ. ಎಸಿ ಆರಿಸಿ, ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಕೆ ಎಂಬ ಸ್ಥಿತಿಯಲ್ಲಿ ನಿಧಾನವಾಗಿ ಗಾಡಿ ಓಡಿಸುತ್ತ ವೈಟ್ ರಿವರ್ ತಲುಪುವ ಹೊತ್ತಿಗೆ ಯಾರೊಬ್ಬರೂ ಮಾತನಾಡುತ್ತಿರಲಿಲ್ಲ. ಅಂದು ನಾನು ಯಾವ ಲೆಕ್ಕವನ್ನು ಮರೆತಿದ್ದೆನೋ ಅದನ್ನೇ ಅಪ್ಪಯ್ಯ ನಕ್ಷೆ ನೋಡಿದ ತಕ್ಷಣ ಕೇಳಿದ್ದರು.

ನಿಜಕ್ಕೂ ಈ ದಂಡೆ ಒಂದೇ ದಾರಿಯ ನಾಡು. 17ನೇ ಹೆದ್ದಾರಿಯಲ್ಲಿ ಅಗಾವಾದಿಂದ ಮ್ಯಾರಥಾನ್ ಕಡೆಗಿನ ಭಾಗ 1960ರವರೆಗೆ ಇರಲೇ ಇಲ್ಲ. ಬಂಡೆಗಳನ್ನು ಸಿಡಿಸಿ ರಸ್ತೆ ಕೂಡಿಸಿದ ಆ ವರ್ಷದ ನೆನಪಿಗೆ ವಾವಾದಲ್ಲಿ ದೊಡ್ಡ ಹೆಬ್ಬಾತೊಂದರ ಪ್ರತಿಮೆ ನಿಂತಿದೆ. ಇಲ್ಲಿ ದಾರಿ ಹುಟ್ಟಿದ ನಾಲ್ಕೇ ವರ್ಷಕ್ಕೆ ನಮ್ಮೂರಿನ ದಾರಿ ಮುಳುಗಿತು ಎಂದು ಅಪ್ಪಯ್ಯನಿಗೆ ಹೇಳಿದೆ. ಇನ್ನೂ ಪಶ್ಚಿಮಕ್ಕೆ ನಿಪಿಗನ್ ಎಂಬಲ್ಲಿ ಉತ್ತರದ 11ನೇ ಹೆದ್ದಾರಿಯೂ ಬಂದು 17ನ್ನು ಸೇರಿ, ಎರಡೂ ಒಂದೇ ಸೇತುವೆಯ ಮೇಲೆ ನದಿಯನ್ನು ದಾಟುತ್ತವೆ. ಕೇಬಲ್‌ಗಳಲ್ಲಿ ತೂಗುವ ಆ ಸೇತುವೆಯನ್ನು 2015ರ ನವೆಂಬರಿನಲ್ಲಿ ಸಂಚಾರಕ್ಕೆ ತೆರೆದರು. ಎರಡು ತಿಂಗಳೂ ತುಂಬುವ ಮೊದಲೇ, 2016ರ ಜನವರಿ 10ರಂದು, ಬೋಲ್ಟುಗಳು ತುಂಡಾಗಿ ಸೇತುವೆಯ ಒಂದು ತುದಿ ಸುಮಾರು 60 ಸೆಂಟಿಮೀಟರ್ ಮೇಲೆದ್ದಿತು. ಮರುದಿನ ಒಂದು ಸಾಲಿನ ಸಂಚಾರ ಆರಂಭವಾಗುವವರೆಗೆ ಕೆನಡಾದ ಪೂರ್ವಕ್ಕೂ ಪಶ್ಚಿಮಕ್ಕೂ ದೇಶದೊಳಗಿನ ರಸ್ತೆ ಸಂಪರ್ಕವೇ ಇರಲಿಲ್ಲ. ದಾಟಬೇಕಾದವರು ಅಮೆರಿಕದೊಳಗೆ ಹೋಗಿ ಸುತ್ತಿ ಬರಬೇಕಾಗಿತ್ತು. ವೀಸಾ ಇಲ್ಲದವರ ಪಾಡನ್ನು ನೀವೇ ಊಹಿಸಿಕೊಳ್ಳಿ. ಸಿಗಂದೂರಿನದೂ ಅದೇ ಜಾತಿಯ ಸೇತುವೆಯಾದ್ದರಿಂದ ಅಪ್ಪಯ್ಯ ಈ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು, ಬೋಲ್ಟಿನ ವಿಷಯವನ್ನು ಮೂರು ಸಲ.

ಹೀಗಾಗಿ ಈ ಬಾರಿಯ ಯೋಜನೆಯನ್ನು ನಾವು ನೋಡಬೇಕಾದ ಸ್ಥಳಗಳಿಂದ ಆರಂಭಿಸದೆ, ಕತ್ತಲಿನಿಂದ ಹಿಂದಕ್ಕೆ ಎಣಿಸುತ್ತ ಮಾಡಿದ್ದೇವೆ. ಟ್ಯಾಂಕು ಅರ್ಧಕ್ಕೆ ಇಳಿದಾಗ ಯಾವ ಊರು ಸಿಕ್ಕಿದರೂ ತುಂಬಿಸುವುದು, ದರ ನೋಡುವುದಿಲ್ಲ. ಸೂರ್ಯ ಮುಳುಗುವ ಎರಡು ಗಂಟೆ ಮೊದಲೇ ತಂಗುವ ಜಾಗ ಸೇರಿರಬೇಕು. ಇದಕ್ಕೆ ಕಾರಣ ಮೂಸ್ ಎಂಬ ಭಾರೀ ಜಿಂಕೆ. ಕಡವೆಯನ್ನು ಕಂಡವರಿಗೂ ಇದರ ಗಾತ್ರ ಅಂದಾಜಿಗೆ ಸಿಗುವುದಿಲ್ಲ. ಬೆಳೆದ ಗಂಡು ಐನೂರು ಕಿಲೋ ತೂಗಬಲ್ಲದು, ಕಾಲುಗಳು ಎಷ್ಟು ಎತ್ತರವೆಂದರೆ ಕಾರು ಗುದ್ದಿದಾಗ ಅದರ ದೇಹ ನೇರವಾಗಿ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಕಪ್ಪು ಮೈಯಾದ್ದರಿಂದ ಮುಸ್ಸಂಜೆಯಲ್ಲಿ ಕಾಣುವುದೂ ಇಲ್ಲ. ಅದೃಷ್ಟವಶಾತ್ ಬೇಸಿಗೆಯ ಹಗಲು ಉದಾರವಾಗಿದೆ: ಜುಲೈ ಕೊನೆಯಲ್ಲಿ ಥಂಡರ್ ಬೇನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ನಂತರ. ಸೂ ಸೇಂಟ್ ಮರಿಯಿಂದ ಥಂಡರ್ ಬೇವರೆಗಿನ ಸುಮಾರು 700 ಕಿಲೋಮೀಟರನ್ನು ಒಂದೇ ದಿನದಲ್ಲಿ ಮುಗಿಸುವ ಶೂರರು ನಮ್ಮ ಕನ್ನಡ ಬಳಗದಲ್ಲಿಯೇ ಇದ್ದಾರೆ. ನಾವು ಅದಕ್ಕೆ ಹಲವು ದಿನ ಇಟ್ಟುಕೊಂಡಿದ್ದೇವೆ. ಹೋಗಿಬರುವುದು ಒಟ್ಟು ಹನ್ನೊಂದು ದಿನ, ಸುಮಾರು 2,900 ಕಿಲೋಮೀಟರ್.

ದಿನಾಂಕವನ್ನು ಗೊತ್ತುಮಾಡಿದ್ದು ಹುಳುಗಳು. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಈ ಕಾಡುಗಳಲ್ಲಿ ಬ್ಲ್ಯಾಕ್‌ಫ್ಲೈ ಎಂಬ ಕರಿನೊಣದ ಕಾಟ. ನಮ್ಮ ಮಳೆಗಾಲದ ಇಂಬಳ ಕಚ್ಚಿದ್ದಾದರೂ ಆಮೇಲೆ ತಿಳಿಯುತ್ತದೆ, ಇದು ಕಿವಿಯ ಹಿಂದೆ, ಕೂದಲ ಬುಡದಲ್ಲಿ ಕಡಿದು ಅಲ್ಲಿಯೇ ರಕ್ತ ಒಸರಿಸುತ್ತದೆ. ಆಗಸ್ಟಿನ ಹೊತ್ತಿಗೆ ಅದು ಮುಗಿದು ಸೊಳ್ಳೆಯೂ ತಗ್ಗುತ್ತದೆ, ತಗ್ಗಾದ ಕೊಲ್ಲಿಗಳಲ್ಲಿ ನೀರೂ ಕಾಲಿಡುವಷ್ಟು ಬೆಚ್ಚಗಾಗುತ್ತದೆ. ಮಗಳಿಗಾಗಿ ಪ್ಯಾನ್‌ಕೇಕ್ ಬೇ ಎಂಬಲ್ಲಿ ಒಂದು ಇಡೀ ದಿನ ಬಿಟ್ಟಿದ್ದೇವೆ. ಮೂರು ಕಿಲೋಮೀಟರಿಗೂ ಉದ್ದದ ಮರಳಿನ ದಂಡೆ ಅದು.

ನಾನು ಅಪ್ಪಯ್ಯನಿಗೆ ತೋರಿಸಲೇಬೇಕೆಂದಿರುವುದು ಅದರ ಮುಂದಿನ ಅಗಾವಾ ಬಂಡೆಯನ್ನು. ನೀರಿನಿಂದ ನೇರವಾಗಿ ಮೇಲೆದ್ದ ಕಡಿದಾದ ಬಂಡೆಯ ಮೇಲೆ ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರು ಕೆಮ್ಮಣ್ಣಿನಿಂದ ಬರೆದ ಚಿತ್ರಗಳಿವೆ: ದೋಣಿಗಳು, ಕುದುರೆಯ ಮೇಲೆ ಕುಳಿತವನೊಬ್ಬ, ಎಲ್ಲಕ್ಕಿಂತ ಮಿಗಿಲಾಗಿ ಕೋಡುಗಳೂ ಬೆನ್ನುದ್ದಕ್ಕೂ ಮುಳ್ಳುಗಳೂ ಇರುವ ಮಿಶಿಪೆಶು ಎಂಬ ನೀರಿನ ಬೆಕ್ಕು. ಸರೋವರದ ಅಲೆಗಳನ್ನು ಎಬ್ಬಿಸುವುದು ಅದೇ ಎಂಬುದು ಅವರ ನಂಬಿಕೆ. ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಹಸೆ ಬರೆಯುವುದನ್ನು ನೋಡುತ್ತಲೇ ಬೆಳೆದವರಿಗೆ ಆ ಬಣ್ಣದ ಗುರುತು ಹೇಳಿಕೊಡಬೇಕಾಗಿಲ್ಲ. ಆದರೆ ಚಿತ್ರಗಳ ಮುಂದೆ ನಿಲ್ಲಲು ಇರುವುದು ನೀರಿನ ಕಡೆಗೆ ಜಾರುವ ಕಿರಿದಾದ ಬಂಡೆಯಂಚು ಮಾತ್ರ; ಹಿಡಿದುಕೊಳ್ಳಲು ಹಗ್ಗ, ಸರಪಳಿ ಕಟ್ಟಿದ್ದಾರೆ, ಸರೋವರ ಶಾಂತವಾಗಿಲ್ಲದ ದಿನ ಇಳಿಯಲೇಬಾರದು. ಅದಕ್ಕಾಗಿ ವಾವಾದಲ್ಲಿ ಒಂದು ರಾತ್ರಿಯ ಬದಲು ಎರಡು ರಾತ್ರಿ ಇಟ್ಟಿದ್ದೇವೆ, ಒಂದು ದಿನ ಗಾಳಿಯೆದ್ದರೆ ಇನ್ನೊಂದು ದಿನವಾದರೂ ಸಿಗಲೆಂದು. ಅಮ್ಮನ ಮಂಡಿನೋವಿಗೆ ಆ ಇಳಿಜಾರು ಸಾಧ್ಯವಿಲ್ಲ. ಅವರಿಗೆ ಕಾರು ನಿಲ್ಲಿಸಿದಲ್ಲಿಂದಲೇ ಕಾಣುವ ಓಲ್ಡ್ ವುಮನ್ ಬೇ ಇದೆ, ಅಲ್ಲಿನ ಬೆಟ್ಟದ ಗೋಡೆಯಲ್ಲಿ ಮುದುಕಿಯ ಮುಖ ಕಾಣುತ್ತದೆಯಂತೆ. ‘ಮುದುಕಿಗೆ ಮುದುಕಿಯನ್ನೇ ತೋರಿಸು’ ಎಂದು ಅಮ್ಮ ನಕ್ಕರು, ಆದರೆ ಅದು ಪೂರ್ತಿ ನಗೆಯಾಗಿರಲಿಲ್ಲ. ಹಿರಿಯರೊಂದಿಗೆ ಪ್ರವಾಸ ಯೋಜಿಸುವಾಗ ಯಾರನ್ನು ಎಲ್ಲಿ ಕೂರಿಸಿ ಹೋಗಬೇಕೆಂಬುದನ್ನು ಅವರೆದುರೇ ಚರ್ಚಿಸಬಾರದೆಂದು ನಾನು ತಡವಾಗಿ ಕಲಿತೆ.

ಅಲ್ಲಿಂದ ಮುಂದೆ ಮೇಪಲ್ ಮರಗಳು ವಿರಳವಾಗಿ, ಸ್ಪ್ರೂಸ್ ಮತ್ತು ಪೈನ್ ಮರಗಳ ಉತ್ತರದ ಕಾಡು ಶುರುವಾಗುತ್ತದೆ. ಮ್ಯಾರಥಾನ್ ಬಳಿಯ ಪುಕಸ್ಕ್ವಾ ರಾಷ್ಟ್ರೀಯ ಉದ್ಯಾನದಲ್ಲಿ, ಮರದ ನೆಲವೂ ಮಂಚಗಳೂ ಇರುವ ಟೆಂಟಿನಲ್ಲಿ ಎರಡು ರಾತ್ರಿ. ಊಟದ ಯೋಜನೆ ಅಮ್ಮನದು: ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಮಾವಿನ ಮಿಡಿ ಉಪ್ಪಿನಕಾಯಿ, ಒಂದು ಸಣ್ಣ ಗ್ಯಾಸ್ ಒಲೆ, ಮೂರು ಲೀಟರಿನ ಕುಕ್ಕರ್. ಕರಡಿಗಳಿರುವ ಕಾಡಾದ್ದರಿಂದ ತಿನ್ನುವ ಪದಾರ್ಥವಿರಲಿ, ಟೂತ್‌ಪೇಸ್ಟನ್ನೂ ರಾತ್ರಿ ಕಾರಿನೊಳಗಿಟ್ಟು ಬೀಗ ಹಾಕಬೇಕು. ಒಗ್ಗರಣೆಯ ವಾಸನೆ ಹಿಡಿದ ಸೀರೆಯನ್ನು ಎಲ್ಲಿಡಬೇಕೆಂಬ ಅಮ್ಮನ ಪ್ರಶ್ನೆಗೆ ಉದ್ಯಾನದ ಸೂಚನೆಗಳಲ್ಲಿ ಉತ್ತರವಿಲ್ಲ. ಸೌದೆಯನ್ನೂ ಮನೆಯಿಂದ ಒಯ್ಯುವಂತಿಲ್ಲ, ಅದರೊಂದಿಗೆ ಮರ ಕೊರೆಯುವ ಹುಳುಗಳು ಊರಿಂದೂರಿಗೆ ಹರಡುತ್ತವೆ. ತಂಗುವ ಕಡೆಯೇ ಕೊಳ್ಳಬೇಕು. ಕಾಡ್ಗಿಚ್ಚಿನ ಭಯವಿರುವ ದಿನಗಳಲ್ಲಿ ಬೆಂಕಿಯನ್ನೇ ನಿಷೇಧಿಸುತ್ತಾರೆ, ಒಮ್ಮೊಮ್ಮೆ ಹೆದ್ದಾರಿಯನ್ನೂ ಮುಚ್ಚುತ್ತಾರೆ. ಅಪ್ಪಯ್ಯನ ಚಿಂತೆ ಬೇರೆ. ಅಡಿಕೆ ಊರಿನಿಂದಲೇ ಬಂದಿದೆ, ಬ್ರಾಂಪ್ಟನ್ನಿನಲ್ಲಿ ಕೊಂಡ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹನ್ನೊಂದು ದಿನ ಉಳಿಸುವುದು ಹೇಗೆಂದು ಫ್ರಿಜ್ಜಿನಲ್ಲಿ ಈಗಾಗಲೇ ಎರಡು ಪ್ರಯೋಗಗಳು ನಡೆದಿವೆ. ಮೊದಲನೆಯದು ಆರನೇ ದಿನಕ್ಕೆ ಕೊಳೆಯಿತು.

ಥಂಡರ್ ಬೇ ಬಗ್ಗೆ ಹೆಚ್ಚು ಬರೆಯಲಾರೆ. 40 ಮೀಟರ್ ಎತ್ತರದ ಕಾಕಬೆಕಾ ಜಲಪಾತವಿದೆ, ಆದರೆ ಜೋಗವನ್ನು ಕಂಡವರನ್ನು ಕರೆದೊಯ್ಯುವಾಗ ಜಲಪಾತಗಳ ಬಗ್ಗೆ ಮೊದಲೇ ಬಣ್ಣಿಸದಿರುವುದು ಕ್ಷೇಮ.

ಕಡೇ ಲಾಂಚಿನ ಪ್ರಶ್ನೆಗೆ ಕೊನೆಗೆ ಒಂದು ಉತ್ತರವನ್ನೂ ಹುಡುಕಿದೆ. ಮೊದಲ ದಿನ ಸಡ್‌ಬರಿ ಊರಿನ ಮೇಲೆ ಹಾದುಹೋಗುವ ಹೆದ್ದಾರಿಯನ್ನು ಬಿಟ್ಟು, ಟೋಬರ್ಮೊರಿಯವರೆಗೆ ಹೋಗಿ ಅಲ್ಲಿಂದ ಚಿ-ಚೀಮಾನ್ ಎಂಬ ಹಡಗಿಗೆ ಕಾರನ್ನು ಹತ್ತಿಸಿ ಮ್ಯಾನಿಟೂಲಿನ್ ದ್ವೀಪಕ್ಕೆ ದಾಟಲಿದ್ದೇವೆ. ಒಜಿಬ್ವೆ ಭಾಷೆಯಲ್ಲಿ ಆ ಹೆಸರಿಗೆ ದೊಡ್ಡ ದೋಣಿ ಎಂದರ್ಥ. 1974ರಿಂದ ಓಡುತ್ತಿದೆ, ಎರಡು ಗಂಟೆಗೆ ತುಸು ಕಡಿಮೆಯ ಪಯಣ. ಒಂದು ಗಂಟೆ ಮೊದಲು ಅಲ್ಲಿರಬೇಕೆಂದು ನಾನು ಹೇಳಿದರೆ, ಎರಡು ಗಂಟೆ ಮೊದಲೇ ಹೋಗೋಣ ಎಂದು ಅಪ್ಪಯ್ಯ ತೀರ್ಮಾನಿಸಿದ್ದಾರೆ. ಮರುದಿನ ದ್ವೀಪದಿಂದ ಹೊರಬೀಳುವ ಏಕೈಕ ರಸ್ತೆ ಲಿಟಲ್ ಕರೆಂಟ್ ಊರಿನ 1913ರ ಹಳೆಯ ರೈಲು ಸೇತುವೆ. ಒಂದೇ ವಾಹನ ಹಿಡಿಸುವಷ್ಟು ಅಗಲದ ಅದು, ಬೇಸಿಗೆಯ ಹಗಲಿನಲ್ಲಿ ಪ್ರತಿ ಗಂಟೆಗೆ ಸರಿಯಾಗಿ ಹದಿನೈದು ನಿಮಿಷ ಪಕ್ಕಕ್ಕೆ ತಿರುಗಿಕೊಂಡು ದೋಣಿಗಳಿಗೆ ದಾರಿ ಬಿಡುತ್ತದೆ, ಕಾರುಗಳು ಕಾಯಬೇಕು. ಅದನ್ನು ತಪ್ಪಿಸಿಕೊಳ್ಳಲು ಹತ್ತೂ ಇಪ್ಪತ್ತಕ್ಕೆ ಅಲ್ಲಿ ತಲುಪುವಂತೆ ಹೊರಡೋಣ ಎಂದು ನಾನು ಬರೆದುಕೊಂಡಿದ್ದೆ. ಅಪ್ಪಯ್ಯ ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿ, ‘ಹತ್ತಕ್ಕೆ ಐದು ನಿಮಿಷ ಇರುವಾಗ’ ಎಂದು ತಿದ್ದಿದರು.