ಇಂಟೇಕ್ ಬದಲಿಸಿದ ಕಾರು ಮತ್ತು ನಮ್ಮ ಮಲೆನಾಡಿನ ಮಳೆ

ಶಿವಮೊಗ್ಗದಲ್ಲಿ ಕಾರು ರಿಪೇರಿ ನನ್ನ ಕೆಲಸ. ಜೂನ್ ಬಂತು ಅಂದರೆ ನಮ್ಮ ಗ್ಯಾರೇಜಿಗೆ ಬರುವ ಗಾಡಿಗಳ ತೊಂದರೆಯೇ ಬೇರೆಯಾಗುತ್ತದೆ. ವೈಪರ್, ಬ್ರೇಕ್, ವೀಲ್ ಬೇರಿಂಗ್ ಇವೆಲ್ಲ ಪ್ರತಿ ವರ್ಷ ಇದ್ದದ್ದೇ. ಈಚೆಗೆ ಜಾಸ್ತಿಯಾಗಿರುವುದು ಇಂಜಿನ್ನಿಗೆ ನೀರು ಹೊಕ್ಕ ಗಾಡಿಗಳು. ಅದರಲ್ಲೂ ಕಂಪನಿ ಕೊಟ್ಟ ಏರ್ ಫಿಲ್ಟರ್ ಡಬ್ಬ ತೆಗೆಸಿ, ಹೊರಗಡೆ ಕೊಂಡ ಇಂಟೇಕ್ (ಇಂಜಿನ್ನಿಗೆ ಗಾಳಿ ಎಳೆಯುವ ಪೈಪ್ ಮತ್ತು ಫಿಲ್ಟರ್) ಹಾಕಿಸಿಕೊಂಡ ಕಾರುಗಳು.

ಹಾಕಿಸಿಕೊಳ್ಳುವ ಹುಡುಗರ ಮೇಲೆ ನನಗೆ ಕೋಪ ಇಲ್ಲ. ಆಕ್ಸಿಲರೇಟರ್ ಒತ್ತಿದಾಗ ಬರುವ ಆ ಶಬ್ದ ನನಗೂ ಇಷ್ಟ. ಸಣ್ಣ ಇಂಜಿನ್‌ನಲ್ಲಿ ಅದರಿಂದ ಸಿಗುವ ಶಕ್ತಿ ತೀರಾ ಕಮ್ಮಿ, ಮುಖ್ಯವಾಗಿ ಸಿಗುವುದು ಶಬ್ದವೇ. ಅದೂ ಒಂದು ಆಸೆ, ತಪ್ಪೇನಿಲ್ಲ. ಆದರೆ ಇಂಟೇಕ್ ಹಾಕಿಸುವಾಗ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಇನ್ನು ಮುಂದೆ ಈ ಇಂಜಿನ್ ಗಾಳಿ ಎಳೆಯುವುದು ಎಲ್ಲಿಂದ? ನೆಲದಿಂದ ಎಷ್ಟು ಮೇಲಿಂದ?

ಕಂಪನಿಯ ಡಬ್ಬವನ್ನು ಒಮ್ಮೆ ಬಿಚ್ಚಿ ನೋಡಿ. ಗಾಳಿ ಹೊಗುವ ಬಾಯಿ ಸಾಮಾನ್ಯವಾಗಿ ಹೆಡ್‌ಲೈಟಿನ ಮೇಲ್ಭಾಗದಲ್ಲೋ ರೇಡಿಯೇಟರ್ ಪಟ್ಟಿಯ ಮೇಲೋ ಇರುತ್ತದೆ. ಅಲ್ಲಿಂದ ಪೈಪ್ ತಿರುವು ತೆಗೆದುಕೊಂಡು ಡಬ್ಬಕ್ಕೆ ಬರುತ್ತದೆ. ಗಾಳಿಯ ಜೊತೆ ಬಂದ ಹನಿ ಆ ತಿರುವಿನಲ್ಲೇ ಗೋಡೆಗೆ ಬಡಿದು ಕೆಳಗಿಳಿಯುತ್ತದೆ. ಡಬ್ಬದ ತಳದಲ್ಲಿ ನೀರು ಹೋಗಲು ಸಣ್ಣ ತೂತು ಇರುತ್ತದೆ. ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಾರೋ ಇದನ್ನು ಮಾಡಿದ್ದಾರೆ.

ಹೊರಗಿನ ಇಂಟೇಕ್‌ನಲ್ಲಿ ಎರಡು ಬಗೆ. ಒಂದರಲ್ಲಿ ಶಂಕುವಿನಾಕಾರದ ಫಿಲ್ಟರ್ ಬಾನೆಟ್ ಒಳಗೇ, ಇಂಜಿನ್ ಪಕ್ಕದಲ್ಲೇ ಇರುತ್ತದೆ. ಇದು ಬಿಸಿ ಗಾಳಿ ಎಳೆಯುತ್ತದೆ, ಆದರೆ ನೀರಿನ ಭಯ ಕಮ್ಮಿ. ಇನ್ನೊಂದು ಕೋಲ್ಡ್ ಏರ್ ಇಂಟೇಕ್. ತಣ್ಣನೆಯ ಗಾಳಿ ಸಿಗಲಿ ಅಂತ ಉದ್ದದ ಪೈಪ್ ಎಳೆದು, ಫಿಲ್ಟರನ್ನು ಬಂಪರ್ ಹಿಂದೆ, ಫಾಗ್ ಲ್ಯಾಂಪಿನ ಹತ್ತಿರ ಕೂರಿಸುತ್ತಾರೆ. ತಣ್ಣನೆ ಗಾಳಿ ದಟ್ಟವಾಗಿರುತ್ತದೆ, ಆಮ್ಲಜನಕ ಜಾಸ್ತಿ ಸಿಗುತ್ತದೆ, ಆ ಲೆಕ್ಕ ಸರಿಯೇ. ಒಣ ಊರಿನಲ್ಲಿ ಓಡಿಸುವವರಿಗೆ ಅದು ಹೊಂದುತ್ತದೆ. ನಾವು ಓಡಿಸುವುದು ಎಲ್ಲಿ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4500 ಮಿ.ಮೀ. ದಾಟಿತ್ತು. ಹುಲಿಕಲ್ಲು, ಮಾಸ್ತಿಕಟ್ಟೆ, ನಗರದ ಕಡೆಯೂ ಮಳೆಗೇನು ಕೊರತೆ ಇಲ್ಲ. ಇಂಥ ಕಡೆ ಗಾಳಿಯ ಬಾಯಿಯನ್ನು ನೆಲಕ್ಕೆ ಹತ್ತಿರ ಇಟ್ಟರೆ ಏನಾಗಬೇಕೋ ಅದೇ ಆಗುತ್ತದೆ.

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಒಂದು ಪೆಟ್ರೋಲ್ ಕಾರನ್ನು ಎಳೆದುಕೊಂಡು ಬಂದರು. ಗಾಡಿಯವರು ಒಂದೇ ಮಾತು ಹೇಳುತ್ತಿದ್ದರು: "ನೀರು ಅರ್ಧ ಚಕ್ರಕ್ಕೂ ಬಂದಿರಲಿಲ್ಲ, ಸುಮ್ನೆ ಆಫ್ ಆಯ್ತು." ಅವರ ಮಾತು ನಿಜವೇ ಇತ್ತು. ಬಾಗಿಲಿನ ಒಳಗೆ ಮ್ಯಾಟ್ ಒದ್ದೆಯಾಗಿರಲಿಲ್ಲ. ಎದುರಿನಿಂದ ಬಸ್ಸು ಬಂದಿತ್ತು, ಅದರ ಅಲೆ ಬಂಪರಿಗೆ ಬಡಿದಿತ್ತು, ಅಷ್ಟೇ. ಗಾಡಿ ನಿಂತ ಮೇಲೆ ಅವರು ಮೂರ್ನಾಲ್ಕು ಸಲ ಸೆಲ್ಫ್ ಹೊಡೆದಿದ್ದರು.

ಫಿಲ್ಟರ್ ತೆಗೆದರೆ ಹಿಂಡುವಷ್ಟು ಒದ್ದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಇಂಜಿನ್ ಕೈಯಲ್ಲಿ ತಿರುಗಿಸಿದಾಗ ಒಂದು ಸಿಲಿಂಡರಿನಿಂದ ನೀರು ಹೊರಗೆ ಬಂತು. ನೀರು ತೆಗೆದ ಮೇಲೆ ಪ್ಲಗ್ ತೂತಿನಲ್ಲಿ ತೆಳುವಾದ ಕಡ್ಡಿ ಇಳಿಸಿ, ಪ್ರತಿ ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಅಳತೆ ನೋಡಿದೆವು. ನಾಲ್ಕೂ ಒಂದೇ ಮಟ್ಟಕ್ಕೆ ಬರಬೇಕು. ಒಂದು ಮಾತ್ರ ಕೆಳಗೇ ನಿಲ್ಲುತ್ತಿತ್ತು. ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬೆಂಡ್ ಆಗಿತ್ತು.

ಬೆಂಡ್ ಆದ ರಾಡಿನಲ್ಲೂ ಗಾಡಿ ಕೆಲವೊಮ್ಮೆ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದಿನ ಓಡುತ್ತದೆ ಕೂಡ. ಆಮೇಲೆ ಯಾವತ್ತೋ ಒಂದು ದಿನ ಘಾಟಿಯಲ್ಲಿ ರಾಡ್ ಮುರಿದು ಇಂಜಿನ್ ಬ್ಲಾಕನ್ನೇ ಒಡೆದುಕೊಂಡು ಹೊರಗೆ ಬರುತ್ತದೆ. ಅದಕ್ಕೇ, ನೀರು ಹೊಕ್ಕ ಇಂಜಿನ್ ಸ್ಟಾರ್ಟ್ ಆಯ್ತು ಅಂದ ಮಾತ್ರಕ್ಕೆ ಸರಿಯಾಯ್ತು ಅಂತ ನಾನು ಯಾರಿಗೂ ಹೇಳುವುದಿಲ್ಲ.

ಎಷ್ಟು ನೀರು ಸಾಕು ಅಂತ ಕೇಳುತ್ತಾರೆ. ಲೆಕ್ಕ ಸುಲಭ. 1200 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್ ಅಂದುಕೊಳ್ಳಿ. ಒಂದು ಸಿಲಿಂಡರಿಗೆ 300 ಸಿಸಿ. ಕಂಪ್ರೆಷನ್ 10ಕ್ಕೆ 1 (ಒಳಗಿನ ಗಾಳಿಯನ್ನು ಹತ್ತನೇ ಒಂದು ಭಾಗಕ್ಕೆ ಒತ್ತುವುದು) ಅಂದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 33 ಮಿಲಿ. 1500 ಸಿಸಿಯ ಡೀಸೆಲ್, ಕಂಪ್ರೆಷನ್ 16ಕ್ಕೆ 1 ಇದ್ದರೆ ಬರೀ 25 ಮಿಲಿ. ಕೆಮ್ಮಿನ ಔಷಧಿಯ ಎರಡು ಮೂರು ಮುಚ್ಚಳದಷ್ಟು! ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಆ ಜಾಗಕ್ಕಿಂತ ಜಾಸ್ತಿ ನೀರು ಒಳಗಿದ್ದರೆ ಪಿಸ್ಟನ್ ಮೇಲೆ ಬರಲು ಆಗುವುದಿಲ್ಲ, ಆ ಪೆಟ್ಟೆಲ್ಲ ರಾಡಿಗೆ ಬೀಳುತ್ತದೆ.

ಇಂಜಿನ್ನಿನ ಎಳೆತವನ್ನೂ ಮರೆಯಬಾರದು. ಅದೇ 1200 ಸಿಸಿ ಇಂಜಿನ್ 3000 ಆರ್‌ಪಿಎಂನಲ್ಲಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ, ಸೆಕೆಂಡಿಗೆ 30 ಲೀಟರ್ ಹತ್ತಿರ ಗಾಳಿ ಎಳೆಯುತ್ತದೆ. ನೀರಿಗೆ ಹೆದರಿ ಜೋರಾಗಿ ಒತ್ತಿ ದಾಟಿಬಿಡೋಣ ಅಂತ ಹೋಗುವವರು ಎರಡು ಕೆಲಸ ಒಟ್ಟಿಗೆ ಮಾಡುತ್ತಾರೆ. ಮುಂದೆ ಅಲೆ ಎಬ್ಬಿಸಿ ನೀರನ್ನು ಫಿಲ್ಟರಿನ ಮಟ್ಟಕ್ಕೆ ತರುತ್ತಾರೆ, ಆಗಲೇ ಇಂಜಿನ್ನಿಗೆ ಜೋರಾಗಿ ಎಳೆಯಲು ಹೇಳುತ್ತಾರೆ. ಫಸ್ಟ್ ಗೇರಿನಲ್ಲಿ, ಒಂದೇ ಸಮನೆ, ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಹೋಗಬೇಕು. ಎದುರಿಗೆ ಬಸ್ಸೋ ಲಾರಿಯೋ ಕಂಡರೆ ನೀರಿಗೆ ಇಳಿಯದೆ ಈಚೆಯೇ ನಿಲ್ಲಿ. ಅದು ದಾಟಿದ ಮೇಲೆ ಅಲೆ ಇಳಿಯಲಿ.

ನಿಂತ ನೀರೇ ಬೇಕು ಅಂತಲೂ ಇಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ಕೋಲ್ಡ್ ಏರ್ ಪೈಪ್ ಕೂರಿಸಲು ಕೆಲವರು ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರನ್ನು ಕತ್ತರಿಸುತ್ತಾರೆ, ಅಥವಾ ಕ್ಲಿಪ್ ಮುರಿದು ಹಾಗೇ ಬಿಡುತ್ತಾರೆ. ಆ ಲೈನರ್ ಇಲ್ಲದಿದ್ದರೆ ಮುಂದಿನ ಚಕ್ರ ಎರಚುವ ನೀರೆಲ್ಲ ನೇರ ಫಿಲ್ಟರಿನ ಮೇಲೆ. ಶಿವಮೊಗ್ಗದಿಂದ ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗುವಷ್ಟರಲ್ಲಿ ಫಿಲ್ಟರ್ ಪೂರ್ತಿ ನೆನೆದಿರುತ್ತದೆ. ಕೆಂಪು ಮಣ್ಣಿನ ರಸ್ತೆಯಾದರೆ ಅದರ ಮೇಲೆ ಕೆಸರಿನ ಪದರ ಬೇರೆ. ನಾನು ಇಂಟೇಕ್ ಬದಲಿಸಿದ ಗಾಡಿ ನೋಡುವಾಗ ಬಾನೆಟ್ ಎತ್ತುವ ಮೊದಲು ಚಕ್ರದ ಒಳಗೆ ಕೈ ಹಾಕಿ ನೋಡುವುದು ಈ ಲೈನರನ್ನೇ.

ಇನ್ನು ರಕ್ಷಣೆಗೆ ಏನು ಸಿಗುತ್ತದೆ? ಫಿಲ್ಟರಿನ ಮೇಲೆ ಹಾಕುವ ನೀರು ಹೀರದ ಬಟ್ಟೆಯ ಕವರ್ ಬರುತ್ತದೆ. ಒಳ್ಳೆಯದು, ಹಾಕಿಸಿಕೊಳ್ಳಿ. ಎರಚುವ ನೀರನ್ನು ಅದು ತಡೆಯುತ್ತದೆ. ಮುಳುಗಿದರೆ ಮಾತ್ರ ಏನೂ ಮಾಡಲಾರದು. ಕೆಸರು ಮೆತ್ತಿದರೆ ತೊಳೆಯಬೇಕು, ಇಲ್ಲದಿದ್ದರೆ ಗಾಳಿಗೇ ಅಡ್ಡ. ಎರಡನೆಯದು ಬೈಪಾಸ್ ವಾಲ್ವ್. ಪೈಪಿನ ಎತ್ತರದ ಜಾಗದಲ್ಲಿ ಅದನ್ನು ಕೂರಿಸುತ್ತಾರೆ. ಫಿಲ್ಟರ್ ಮುಳುಗಿದಾಗ ಎಳೆತ ಜಾಸ್ತಿಯಾಗಿ ಅದು ತೆರೆದುಕೊಂಡು ಮೇಲಿನ ಗಾಳಿ ಕೊಡುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಇಂಜಿನ್ನಿಗೆ ಇದು ಹೊಂದುವುದಿಲ್ಲ. ಈಗಿನ ಡೀಸೆಲ್ ಗಾಡಿಗಳೆಲ್ಲ ಟರ್ಬೊ, ಹಾಗಾಗಿ ನಮ್ಮ ಕಡೆ ಅರ್ಧ ಜನಕ್ಕೆ ಈ ದಾರಿಯೇ ಇಲ್ಲ.

ಹೊಸನಗರ ಕಡೆಯ ಒಬ್ಬ ತೋಟದವರು ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯನ್ನೇ ಫಿಲ್ಟರಿಗೂ ಕಟ್ಟಿಕೊಂಡು ಬಂದಿದ್ದರು. ಕೊಳೆ ರೋಗದಿಂದ ಅಡಿಕೆ ಉಳಿಸುವ ಕೈಗೆ ಹೊಳೆಯುವ ಉಪಾಯವೇ ಅದು, ನನಗೆ ಅರ್ಥವಾಗುತ್ತದೆ. ಆದರೆ ಇಂಜಿನ್ ಎಳೆದಾಗ ಪ್ಲಾಸ್ಟಿಕ್ ಫಿಲ್ಟರಿಗೆ ಅಂಟಿಕೊಂಡು ಗಾಳಿಯೇ ಬರುವುದಿಲ್ಲ. ದಯವಿಟ್ಟು ಯಾವ ಪ್ಲಾಸ್ಟಿಕ್ಕನ್ನೂ ಕಟ್ಟಬೇಡಿ.

ಹತ್ತಿಯ ಫಿಲ್ಟರ್ ಬಗ್ಗೆಯೂ ಒಂದು ಮಾತು. ತೊಳೆದು ಎಣ್ಣೆ ಹಾಕುವ ಬಗೆಯದು ನಮ್ಮ ಆಷಾಢದಲ್ಲಿ ಒಂದೆರಡು ದಿನಕ್ಕೆ ಒಣಗುವುದಿಲ್ಲ. ಅವಸರಕ್ಕೆ ಕಂಪ್ರೆಸರ್ ಗಾಳಿ ಬಿಟ್ಟರೆ ಹತ್ತಿ ಹರಿಯುತ್ತದೆ. ಬಟ್ಟೆ ಒಣಗಿಸುವ ಹಾಗೆ ಬಚ್ಚಲ ಒಲೆಯ ಹತ್ತಿರ ಇಟ್ಟರೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಒಂದು ಸ್ಪೇರ್ ಇಟ್ಟುಕೊಳ್ಳಿ. ಎಣ್ಣೆ ಜಾಸ್ತಿ ಹಾಕಬೇಡಿ, ಅದು ಗಾಳಿ ಅಳೆಯುವ ಸೆನ್ಸರಿನ ಮೇಲೆ ಕೂರುತ್ತದೆ. ಆ ಸೆನ್ಸರ್ ನೀರಿಗೂ ಹೆದರುತ್ತದೆ, ಎಣ್ಣೆಗೂ ಹೆದರುತ್ತದೆ. ಚೆಕ್ ಇಂಜಿನ್ ಲೈಟ್ ಬಂದು, ಗಾಡಿ ಎಳೆಯುತ್ತಿಲ್ಲ ಅಂತ ಬರುವವರಲ್ಲಿ ಎಷ್ಟೋ ಜನರದ್ದು ಇದೇ.

ನೀರಿನಲ್ಲಿ ಗಾಡಿ ನಿಂತುಬಿಟ್ಟರೆ? ಕೀ ಮುಟ್ಟಬೇಡಿ. ಹಿಂದೆ ಎಷ್ಟು ಹಾರ್ನ್ ಹೊಡೆದರೂ ಸೆಲ್ಫ್ ಹೊಡೆಯಬೇಡಿ. ನ್ಯೂಟ್ರಲ್ ಮಾಡಿ, ನಾಲ್ಕು ಜನ ಸೇರಿ ತಳ್ಳಿ ಈಚೆ ತನ್ನಿ. ತಳ್ಳುವಾಗ ಗೇರ್ ಹಾಕಿ ಸ್ಟಾರ್ಟ್ ಮಾಡುವ ಪ್ರಯತ್ನವೂ ಬೇಡ, ಅದೂ ಸೆಲ್ಫ್ ಹೊಡೆದ ಹಾಗೇ. ನಿಧಾನಕ್ಕೆ ಹೋಗುವಾಗ ನೀರು ಹೊಕ್ಕು ನಿಂತ ಇಂಜಿನ್ ಎಷ್ಟೋ ಸಲ ಹಾಳಾಗದೆ ಉಳಿದಿರುತ್ತದೆ. ಹಾಳಾಗುವುದು ಆಮೇಲೆ ಹೊಡೆಯುವ ಸೆಲ್ಫಿನಿಂದ. ಫಿಲ್ಟರ್ ಬಿಚ್ಚಿ ಒಳಗೆ ಕೈಯಾಡಿಸಿ. ಪೈಪಿನ ಒಳಗೆ, ಫಿಲ್ಟರ್ ದಾಟಿದ ಕಡೆ ಒದ್ದೆ ಇದ್ದರೆ ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು. ಆಯಿಲ್ ಕಡ್ಡಿ ತೆಗೆದು ನೋಡಿ, ಹಾಲು ಬೆರೆಸಿದ ಬಣ್ಣ ಇದ್ದರೆ ಆಯಿಲ್‌ಗೂ ನೀರು ಸೇರಿದೆ.

ಮೆಕ್ಯಾನಿಕ್‌ಗಳಿಗೆ ಒಂದು ಮಾತು. ಡೀಸೆಲ್ ಟರ್ಬೊ ಗಾಡಿಯಾದರೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಬಿಚ್ಚದೆ ಕೊಡಬೇಡಿ. ಅದು ಮುಂದೆ, ಕೆಳಗೆ ಇರುತ್ತದೆ. ಎಳೆದ ನೀರು ಅಲ್ಲಿ ನಿಂತಿರುತ್ತದೆ. ಗ್ಯಾರೇಜಿನಲ್ಲಿ ಐಡ್ಲಿಂಗ್‌ನಲ್ಲಿ ಎಲ್ಲ ಚೆನ್ನಾಗಿರುತ್ತದೆ. ಗಿರಾಕಿ ಹೊರಟು ಮೊದಲ ಏರಿನಲ್ಲಿ ಜೋರಾಗಿ ಒತ್ತಿದಾಗ ಆ ನೀರು ಒಟ್ಟಿಗೆ ಇಂಜಿನ್ನಿಗೆ ಹೋಗುತ್ತದೆ. ಪೈಪಿನಿಂದ ನೀರು ಬಸಿಯಲಿ ಅಂತ ತೂತು ಕೊರೆಯುವವರೂ ಇದ್ದಾರೆ. ಸೆನ್ಸರ್ ದಾಟಿದ ಮೇಲೆ ಕೊರೆದರೆ ಅಳತೆ ಇಲ್ಲದ ಗಾಳಿ ಒಳಗೆ ಹೋಗಿ ಬೇರೆ ತೊಂದರೆ ಶುರುವಾಗುತ್ತದೆ.

ವಿಮೆಯ ವಿಷಯ ಚಿಕ್ಕದಾಗಿ. ಸಾಮಾನ್ಯ ಪಾಲಿಸಿಯಲ್ಲಿ ನೀರು ಹೊಕ್ಕು ಇಂಜಿನ್ ಹಾಳಾದರೆ ಹಣ ಸಿಗುವುದು ಕಷ್ಟ, ಅದಕ್ಕೆ ಇಂಜಿನ್ ಪ್ರೊಟೆಕ್ಟ್ ಅನ್ನುವ ಆಡ್-ಆನ್ ಬೇರೆಯೇ ಇದೆ. ಇಂಟೇಕ್ ಬದಲಿಸಿದ್ದನ್ನು ಕಂಪನಿಗೆ ಮೊದಲೇ ತಿಳಿಸಿ. ತಿಳಿಸದೆ ಇದ್ದರೆ ಕ್ಲೈಮ್ ಹೊತ್ತಿಗೆ ಅದೇ ಕಾರಣ ಹೇಳಬಹುದು.

ನನ್ನ ಗಿರಾಕಿಗಳಿಗೆ ನಾನು ಕೊಡುವ ಸಲಹೆ ಒಂದೇ. ಇಂಟೇಕ್ ಬೇಕಾದರೆ ಹಾಕಿಸಿಕೊಳ್ಳಿ, ಕಂಪನಿಯ ಡಬ್ಬವನ್ನು ಮಾತ್ರ ಗುಜರಿಗೆ ಕೊಡಬೇಡಿ. ಅಟ್ಟದ ಮೇಲೆ ಇಡುವಾಗ ಬಾಯಿ ಬಿಗಿಯಾಗಿ ಮುಚ್ಚಿ ಇಡಿ, ಇಲಿ ಗೂಡು ಮಾಡುತ್ತದೆ. ರೋಹಿಣಿ ಮಳೆ ಮುಗಿಯುವುದರೊಳಗೆ ಅದನ್ನು ವಾಪಸ್ ಕೂರಿಸಿ. ಚಕ್ರದ ಲೈನರ್ ಕ್ಲಿಪ್ ಎಲ್ಲ ಹಾಕಿಸಿ. ನವರಾತ್ರಿ ಕಳೆದು ಮಳೆ ನಿಂತ ಮೇಲೆ ಮತ್ತೆ ಇಂಟೇಕ್ ಹಾಕಿಕೊಳ್ಳಿ. ಬಹಳ ಗಾಡಿಗಳಲ್ಲಿ ಇದು ನಾಲ್ಕಾರು ಬೋಲ್ಟ್, ಒಂದೆರಡು ಕ್ಲಾಂಪಿನ ಕೆಲಸ. ಡಬ್ಬ ಕೂರಿಸುವಾಗ ತಳದ ತೂತಿಗೆ ಒಂದು ಕಡ್ಡಿ ಆಡಿಸಿ. ಮರದ ಕೆಳಗೆ ನಿಲ್ಲುವ ಗಾಡಿಗಳಲ್ಲಿ ಅದು ತರಗೆಲೆಯ ಪುಡಿಯಿಂದ ಮುಚ್ಚಿರುತ್ತದೆ.